ಎರಡು ಹಳಿ, ಎರಡು ರೈಲು: ಆಟಿಕೆ ರೈಲಿನ ವಿದ್ಯುತ್ ಚರಿತ್ರೆ

ಪ್ರೌಢಶಾಲೆಯಲ್ಲಿ ಕಲಿತ ವಿದ್ಯುತ್ತಿನ ಪಾಠ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಒಂದೇ ಜೊತೆ ತಂತಿಗೆ ಸಮಾಂತರವಾಗಿ ಜೋಡಿಸಿದ ಎಲ್ಲ ಉಪಕರಣಗಳಿಗೂ ಒಂದೇ ವೋಲ್ಟೇಜ್ ದೊರೆಯುತ್ತದೆ ಎಂಬುದು ಆ ಪಾಠದ ತಿರುಳು. ಈಗ ಮೇಜಿನ ಮೇಲೆ ಹಾಸಿದ ಆಟಿಕೆ ರೈಲಿನ ಹಳಿಗಳನ್ನು ಮನಸ್ಸಿಗೆ ತಂದುಕೊಳ್ಳಿ. ಎರಡು ಕಂಬಿಗಳೇ ಎರಡು ತಂತಿಗಳು. ಅವುಗಳ ಮೇಲೆ ಒಂದು ಎಂಜಿನ್ ಇಟ್ಟರೆ ಓಡುತ್ತದೆ. ಎರಡನೆಯದನ್ನು ಇಟ್ಟರೆ ಅದೂ ಸಮಾಂತರವಾಗಿ ಜೋಡಿಸಿದಂತೆಯೇ ಆಯಿತು. ಹಾಗಾದರೆ ಎರಡೂ ಒಟ್ಟಿಗೆ ಓಡಬೇಕು, ಒಟ್ಟಿಗೆ ನಿಲ್ಲಬೇಕು. ಒಂದು ನಿಲ್ದಾಣದಲ್ಲಿ ನಿಂತಿರುವಾಗ ಇನ್ನೊಂದು ಪಕ್ಕದಲ್ಲಿ ಹಾದುಹೋಗುವಂತೆ ಮಾಡುವುದು ಹೇಗೆ? ಕೇಳಲು ಮಕ್ಕಳ ಪ್ರಶ್ನೆ. ಆದರೆ ಇದಕ್ಕೆ ಸರಿಯಾದ ಉತ್ತರ ಹುಡುಕಲು ದೊಡ್ಡವರಿಗೆ ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಹುಡುಕಾಟದ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಆರಂಭದಲ್ಲಿ ಹಳಿಗೂ ವಿದ್ಯುತ್ತಿಗೂ ಸಂಬಂಧವೇ ಇರಲಿಲ್ಲ. ಜರ್ಮನಿಯ ಗೋಪಿಂಗೆನ್ ಎಂಬ ಊರಿನ ಮೆರ್ಕ್ಲಿನ್ ಸಂಸ್ಥೆ 1859ರಲ್ಲಿ ತಗಡಿನ ಬೊಂಬೆ ಅಡುಗೆಮನೆಗಳನ್ನು ಮಾಡುವ ಕಸುಬಿನಿಂದ ಆರಂಭವಾಯಿತು. ಬೊಂಬೆ ಮನೆ ಕೊಂಡವರು ಆಮೇಲೆ ಅದಕ್ಕೆ ಪಾತ್ರೆ, ಒಲೆ, ಕುರ್ಚಿ ಎಂದು ಒಂದೊಂದಾಗಿ ಕೊಳ್ಳುತ್ತಲೇ ಇರುತ್ತಾರೆ. ಈ ವ್ಯಾಪಾರ ಸೂಕ್ಷ್ಮವನ್ನೇ ರೈಲಿಗೂ ಅನ್ವಯಿಸಿ, 1891ರ ಲೈಪ್‌ಜಿಗ್ ಜಾತ್ರೆಯಲ್ಲಿ ಕೀಲಿ ಕೊಟ್ಟು ಓಡಿಸುವ ಎಂಜಿನ್ನನ್ನೂ ಎಂಟರ ಆಕಾರದಲ್ಲಿ ಜೋಡಿಸಬಹುದಾದ ಹಳಿಗಳನ್ನೂ ಅವರು ಪ್ರದರ್ಶಿಸಿದರು. ಹಳಿಯ ಅಗಲಕ್ಕೆ ಒಂದು, ಎರಡು, ಮೂರು ಎಂದು ಅಂಕಿಗಳನ್ನು ಇಟ್ಟರು. ಮುಂದೆ ಇನ್ನೂ ಚಿಕ್ಕ ಅಳತೆ ಬೇಕಾದಾಗ ಒಂದಕ್ಕಿಂತ ಕೆಳಗಿನ ಅಂಕಿ ಸೊನ್ನೆಯೊಂದೇ ಉಳಿದಿತ್ತು. ಸುಮಾರು 32 ಮಿಲಿಮೀಟರ್ ಅಗಲದ ಆ ಹಳಿಗೆ 'ಸೊನ್ನೆ ಗೇಜ್' ಎಂದೇ ಹೆಸರಾಯಿತು. ಮುಂದೆ ಅದರ ಅರ್ಧದಷ್ಟು ಅಗಲದ, ಅಂದರೆ 16.5 ಮಿಲಿಮೀಟರಿನ ಹಳಿ ಬಂದಾಗ ಜರ್ಮನ್ನರು ಅದನ್ನು 'ಅರ್ಧ ಸೊನ್ನೆ' ಎಂದು ಕರೆದರು. ಸೊನ್ನೆಯ ಅರ್ಧ ಎಷ್ಟು ಎಂದು ಗಣಿತದ ಮೇಷ್ಟ್ರು ಕೇಳಬಾರದು!

ವಿದ್ಯುತ್ ರೈಲನ್ನು ಜನಪ್ರಿಯಗೊಳಿಸಿದವರಲ್ಲಿ ನ್ಯೂಯಾರ್ಕಿನ ಜೋಶುವಾ ಲಯನೆಲ್ ಕೋವೆನ್ ಪ್ರಮುಖರು. ಇಪ್ಪತ್ತನೆಯ ಶತಮಾನದ ಹೊಸ್ತಿಲಿನಲ್ಲಿ ಅವರು ಅಂಗಡಿಯ ಕಿಟಕಿಯಲ್ಲಿ ಗಿರಾಕಿಗಳ ಕಣ್ಣು ಸೆಳೆಯಲೆಂದು ಬ್ಯಾಟರಿಯಿಂದ ಓಡುವ ಒಂದು ತೆರೆದ ಗಾಡಿಯನ್ನು ಮಾಡಿಕೊಟ್ಟರು. ಬಂದವರು ಸರಕಿನ ಬೆಲೆ ಕೇಳುವುದನ್ನು ಬಿಟ್ಟು ಗಾಡಿಯ ಬೆಲೆ ಕೇಳತೊಡಗಿದರು. ಅಲ್ಲಿಂದ ಲಯನೆಲ್ ಕಂಪನಿಯ ಏಳಿಗೆ. 1906ರಲ್ಲಿ ಅವರು ಮೂರು ಕಂಬಿಯ ಹಳಿಯನ್ನು ತಂದರು. ಮೂರನೆಯ ಕಂಬಿ ಏಕೆ ಎಂಬುದು ಸ್ವಾರಸ್ಯಕರ. ಗಾಡಿಯ ಚಕ್ರ, ಅಚ್ಚು ಎರಡೂ ಲೋಹದವು. ಎಡದ ಕಂಬಿಗೆ ಧನ, ಬಲದ ಕಂಬಿಗೆ ಋಣ ಕೊಟ್ಟರೆ ಅಚ್ಚೇ ಎರಡನ್ನೂ ಕೂಡಿಸಿ ಶಾರ್ಟ್ ಸರ್ಕಿಟ್ ಮಾಡಿಬಿಡುತ್ತದೆ. ಆದ್ದರಿಂದ ಹೊರಗಿನ ಎರಡು ಕಂಬಿಗಳನ್ನು ಒಂದೇ ತಂತಿಯೆಂದು ಭಾವಿಸಿ, ನಡುವೆ ಇನ್ನೊಂದು ಕಂಬಿ ಹಾಕಿ ಅದಕ್ಕೆ ಎಂಜಿನ್ನಿನ ಅಡಿಯಿಂದ ಒಂದು ಸ್ಪರ್ಶಕವನ್ನು ಇಳಿಬಿಟ್ಟರು. ನೋಡಲು ಅಂದವಿಲ್ಲ, ಆದರೆ ಕೆಲಸ ನಿಶ್ಚಿತ.

ಬ್ಯಾಟರಿಯ ಖರ್ಚು ತಪ್ಪಿಸಲು ಮನೆಯ ವಿದ್ಯುತ್ತನ್ನೇ ಬಳಸುವ ಯೋಚನೆ ಯೂರೋಪಿನಲ್ಲಿ ಬಂತು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಇದು ಪಾಠ ಹೇಳಬೇಕಾದ ಜಾಗ. ಆ ಕಾಲದ ಅನೇಕ ರೈಲುಗಳಲ್ಲಿ ಮನೆಯ ಕರೆಂಟನ್ನು ಒಂದು ವಿದ್ಯುದ್ದೀಪದ ಮೂಲಕ ಸರಣಿಯಲ್ಲಿ ಹಾಯಿಸಿ ಹಳಿಗೆ ಕೊಡುತ್ತಿದ್ದರು. ದೀಪವು ವೋಲ್ಟೇಜಿನ ಬಹುಭಾಗವನ್ನು ತಾನೇ ನುಂಗಿ, ಎಂಜಿನ್ನಿಗೆ ಸ್ವಲ್ಪವನ್ನಷ್ಟೇ ಬಿಡುತ್ತದೆ. ಇಂಗ್ಲೆಂಡಿನ ಹಾರ್ನ್‌ಬಿ 1925ರಲ್ಲಿ ತಂದ ತನ್ನ ಮೊದಲ ವಿದ್ಯುತ್ ರೈಲು 'ಮೆಟ್ರೊಪಾಲಿಟನ್' ಕೂಡ ಇದೇ ಬಗೆಯದು. ಮೇಲ್ನೋಟಕ್ಕೆ ಸುರಕ್ಷಿತ. ಆದರೆ ದೀಪವು ವೋಲ್ಟೇಜನ್ನು ನುಂಗುವುದು ಅದರ ಮೂಲಕ ವಿದ್ಯುತ್ತು ಹರಿಯುತ್ತಿರುವಾಗ ಮಾತ್ರ. ಎಂಜಿನ್ ಹಳಿ ತಪ್ಪಿ ಉರುಳಿತೆನ್ನಿ. ಪ್ರವಾಹ ನಿಂತಿತು, ದೀಪದಲ್ಲಿ ಇಳಿಕೆ ಸೊನ್ನೆಯಾಯಿತು, ಬರಿಯ ಕಂಬಿಯ ಮೇಲೆ ಮನೆಯ ಪೂರ್ಣ ವೋಲ್ಟೇಜು ಬಂದು ಕುಳಿತಿತು. ಉರುಳಿದ ಎಂಜಿನ್ನನ್ನು ಎತ್ತಿಡಲು ಮಗು ಕೈ ಚಾಚುವುದೂ ಸರಿಯಾಗಿ ಅದೇ ಕ್ಷಣದಲ್ಲಿ! ಓಮನ ನಿಯಮ ಅಂಕಗಳಿಗಾಗಿ ಮಾತ್ರ ಕಲಿಯುವುದಲ್ಲ ಎಂದು ತರಗತಿಯಲ್ಲಿ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು. ಮೆರ್ಕ್ಲಿನ್ 1926ರಲ್ಲಿ ಟ್ರಾನ್ಸ್‌ಫಾರ್ಮರ್ ಬಳಸುವ 20 ವೋಲ್ಟಿನ ವ್ಯವಸ್ಥೆಯನ್ನು ತಂದಿತು. ಹಾರ್ನ್‌ಬಿಯೂ ಬೇಗನೆ ಕಡಿಮೆ ವೋಲ್ಟೇಜಿಗೆ ಇಳಿಯಿತು.

1935ರ ನಂತರ ಚಿಕ್ಕ ಅಳತೆಯ ರೈಲುಗಳು ಬಂದು, ಇಡೀ ಕೋಣೆ ಬೇಡುತ್ತಿದ್ದ ಆಟ ಊಟದ ಮೇಜಿನ ಮೇಲೆ ಹಿಡಿಸುವಂತಾಯಿತು. ಹಾರ್ನ್‌ಬಿ 1938ರಲ್ಲಿ ತಂದ 'ಡಬ್ಲೊ' ರೈಲು 12 ವೋಲ್ಟಿನ ನೇರ ಪ್ರವಾಹದ್ದು. ಧ್ರುವ ಬದಲಿಸಿದರೆ ಎಂಜಿನ್ ಹಿಂದಕ್ಕೆ ಓಡುತ್ತದೆ. ಮೆರ್ಕ್ಲಿನ್ ಪರ್ಯಾಯ ಪ್ರವಾಹವನ್ನೇ ಉಳಿಸಿಕೊಂಡಿತು. ಪರ್ಯಾಯ ಪ್ರವಾಹದಲ್ಲಿ ಧ್ರುವ ಬದಲಿಸಿ ಪ್ರಯೋಜನವಿಲ್ಲವಾದ್ದರಿಂದ, ಸುಮಾರು 24 ವೋಲ್ಟಿನ ಒಂದು ಕ್ಷಣಿಕ ತಟ್ಟು ಕೊಟ್ಟರೆ ಎಂಜಿನ್ನಿನೊಳಗಿನ ರಿಲೇ ಸರಿದು ದಿಕ್ಕು ಬದಲಾಗುವಂತೆ ಮಾಡಿದರು. ಇದೊಂದು ಚಿಕ್ಕ ಸಂಗತಿಯೆನಿಸಬಹುದು. ಆದರೆ ಹಳಿಯ ಮೂಲಕ ಶಕ್ತಿಯ ಜೊತೆಗೆ ಆಜ್ಞೆಯನ್ನೂ ಕಳುಹಿಸಬಹುದೆಂಬ ವಿಚಾರದ ಮೊಳಕೆ ಇಲ್ಲಿದೆ.

ಬ್ರಿಟಿಷರು ಇಲ್ಲಿ ಒಂದು ವಿಚಿತ್ರ ಮಾಡಿಕೊಂಡರು. ಅವರ ನಿಜವಾದ ಎಂಜಿನ್ನುಗಳು ಯೂರೋಪಿನವಕ್ಕಿಂತ ಗಾತ್ರದಲ್ಲಿ ಚಿಕ್ಕವು. ಅದೇ ಪ್ರಮಾಣದಲ್ಲಿ ಮಾದರಿ ಮಾಡಿದರೆ ಮೋಟಾರು ಒಳಗೆ ಹಿಡಿಸದು. ಆದ್ದರಿಂದ ಗಾಡಿಯನ್ನು ಮಾತ್ರ ಒಂದು ಅಡಿಗೆ 4 ಮಿಲಿಮೀಟರಿನ ಪ್ರಮಾಣಕ್ಕೆ ಹಿಗ್ಗಿಸಿ, ಹಳಿಯನ್ನು ಮೊದಲಿನ 16.5 ಮಿಲಿಮೀಟರಿನಲ್ಲೇ ಉಳಿಸಿದರು. ಲೆಕ್ಕ ಹಾಕಿದರೆ 4 ಅಡಿ 8½ ಅಂಗುಲವಿರಬೇಕಾದ ಹಳಿ 4 ಅಡಿ 1½ ಅಂಗುಲವಾಯಿತು. ಬ್ರಾಡ್‌ಗೇಜ್ ಬೋಗಿಯನ್ನು ಇಕ್ಕಟ್ಟಿನ ಹಳಿಯ ಮೇಲೆ ಕೂರಿಸಿದಂತೆ. ನಮ್ಮ ಮೈಸೂರು ಸೀಮೆಯಲ್ಲಿ ಮೀಟರ್‌ಗೇಜ್ ತೆಗೆದು ಬ್ರಾಡ್‌ಗೇಜ್ ಹಾಕಿದ್ದನ್ನು ಕಂಡವರಿಗೆ, ಹಳಿಯ ಅಗಲವನ್ನು ಆಮೇಲೆ ಬದಲಿಸುವುದು ಎಷ್ಟು ದೊಡ್ಡ ಕೆಲಸವೆಂದು ಹೇಳಬೇಕಿಲ್ಲ. ಕೆಲವು ಛಲಗಾರರು 18.83 ಮಿಲಿಮೀಟರಿನ ಸರಿಯಾದ ಹಳಿಯನ್ನು ತಾವೇ ಕೈಯಿಂದ ಹಾಸಿಕೊಳ್ಳುತ್ತಾರೆ. ಉಳಿದವರು ಇಂದಿಗೂ ಆ ಇಕ್ಕಟ್ಟಿನ ಹಳಿಯಲ್ಲೇ ಸುಖವಾಗಿದ್ದಾರೆ.

ಎರಡನೆಯ ಮಹಾಯುದ್ಧದ ನಂತರ ಪ್ಲಾಸ್ಟಿಕ್ ಸುಲಭವಾಗಿ ದೊರೆತು, ಚಕ್ರವನ್ನು ಅಚ್ಚಿನಿಂದ ವಿದ್ಯುತ್ತಿನ ದೃಷ್ಟಿಯಲ್ಲಿ ಬೇರ್ಪಡಿಸುವುದು ಅಗ್ಗವಾಯಿತು. ನಡುವಿನ ಕಂಬಿಯನ್ನು ಕೈಬಿಡುವವರು ಹೆಚ್ಚಿದರು. ಡಬ್ಲೊ ಕೂಡ 1959ರಲ್ಲಿ ಎರಡು ಕಂಬಿಗೆ ಬಂತು. ಹಳಿ ನಿಜವಾದ ಹಳಿಯಂತೆ ಕಾಣತೊಡಗಿತು. ಆದರೆ ಹೊಸದೊಂದು ತೊಡಕು ಹುಟ್ಟಿತು. ರೈಲು ಒಂದು ಸುತ್ತು ಹಾಕಿ ಬಂದ ದಾರಿಯಲ್ಲೇ ಹಿಂದಿರುಗುವಂತೆ ಹಳಿಯನ್ನು ಕುಣಿಕೆಯ ಆಕಾರದಲ್ಲಿ ಹಾಸಿ ನೋಡಿ. ಬಲಗಡೆಯ ಕಂಬಿಯನ್ನೇ ಬೆರಳಿನಿಂದ ಹಿಂಬಾಲಿಸಿದರೆ, ಅದು ಸುತ್ತಿ ಬಂದು ಎಡಗಡೆಯ ಕಂಬಿಯನ್ನು ಸೇರುತ್ತದೆ. ಧನ ಋಣಗಳೆರಡೂ ಕೂಡಿದವು, ರೈಲು ನಿಂತಿತು. ಕಾಗದದ ಮೇಲೆ ಎರಡು ಗೆರೆ ಎಳೆದು ನೋಡಿದರೆ ಯಾರಿಗಾದರೂ ಮನವರಿಕೆಯಾಗುತ್ತದೆ. ಆ ಕುಣಿಕೆಯ ಎರಡೂ ತುದಿಗಳಲ್ಲಿ ಎರಡೂ ಕಂಬಿಗಳನ್ನು ಕತ್ತರಿಸಿ ಬೇರ್ಪಡಿಸಿ, ರೈಲು ಒಳಗಿರುವಾಗ ಹೊರಗಿನ ಹಳಿಯ ಧ್ರುವವನ್ನು ಸ್ವಿಚ್ಚಿನಿಂದ ಬದಲಿಸುವುದೇ ಇದಕ್ಕೆ ಉಪಾಯ. ಮೂರು ಕಂಬಿಯವರಿಗೆ ಈ ತಲೆನೋವೇ ಇರಲಿಲ್ಲ. ಮೆರ್ಕ್ಲಿನ್‌ನವರು 1950ರ ದಶಕದಲ್ಲಿ ನಡುವಿನ ಕಂಬಿಯನ್ನು ಸ್ಲೀಪರುಗಳ ನಡುವಿನ ಸಣ್ಣ ಮೊಳೆಗಳ ಸಾಲಾಗಿ ಬದಲಿಸಿ, ಕಣ್ಣಿಗೆ ಎರಡು, ಕರೆಂಟಿಗೆ ಮೂರು ಎಂಬ ಜಾಣತನ ತೋರಿದರು.

ಇನ್ನು ಮೊದಲಿನ ಪ್ರಶ್ನೆ. ಎರಡು ರೈಲುಗಳನ್ನು ಬೇರೆಬೇರೆಯಾಗಿ ಓಡಿಸಲು ಆಗಿದ್ದ ಸಾಮಾನ್ಯ ಮಾರ್ಗ ಇದು: ಹಳಿಯನ್ನು ತುಂಡುತುಂಡಾಗಿ ವಿಭಾಗಿಸುವುದು. ಈ ತುಂಡುಗಳಿಗೆ ಬ್ಲಾಕ್ ಎಂದು ಹೆಸರು. ಪ್ರತಿ ಬ್ಲಾಕಿನಿಂದಲೂ ತಂತಿಗಳು ಹೊರಟು ಸ್ವಿಚ್ಚುಗಳ ಒಂದು ಫಲಕವನ್ನು ಸೇರುತ್ತವೆ. ಆ ಬ್ಲಾಕನ್ನು ಮೊದಲನೆಯ ಚಾಲಕನಿಗೋ ಎರಡನೆಯವನಿಗೋ ವಹಿಸಬಹುದು. ರೈಲು ಮುಂದಿನ ಬ್ಲಾಕಿಗೆ ಹೋಗುವ ಮುನ್ನ ಅದರ ಸ್ವಿಚ್ಚನ್ನು ತಿರುಗಿಸಿರಬೇಕು. ಮರೆತರೆ ನಿಮ್ಮ ರೈಲು ಇನ್ನೊಬ್ಬನ ಕೈಗೆ ಹೋಯಿತು. ಸರಿಯಾಗಿ ಹೇಳುವುದಾದರೆ, ಇಷ್ಟು ವರ್ಷ ಜನ ಓಡಿಸುತ್ತಿದ್ದುದು ರೈಲನ್ನಲ್ಲ, ಹಳಿಯನ್ನು. ರೈಲು ಅದರ ಮೇಲೆ ಇದ್ದುದರಿಂದ ತಾನೂ ಓಡುತ್ತಿತ್ತು, ಅಷ್ಟೆ.

ಈ ಸ್ವಿಚ್ಚುಗಳ ಕಾಟದಿಂದ ಬಿಡುಗಡೆ ಪಡೆಯಲು ನಡೆದ ಪ್ರಯತ್ನಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ, ಅಂದರೆ ಎಂಐಟಿಯ, ಟೆಕ್ ಮಾಡೆಲ್ ರೈಲ್‌ರೋಡ್ ಕ್ಲಬ್ಬಿನದು. 1946ರಲ್ಲಿ ಆರಂಭವಾದ ಈ ವಿದ್ಯಾರ್ಥಿ ಸಂಘ ಇದ್ದುದು 'ಕಟ್ಟಡ 20' ಎಂಬ ಮರದ ಕಟ್ಟಡದಲ್ಲಿ. 1943ರಲ್ಲಿ ರೇಡಾರ್ ಸಂಶೋಧನೆಗೆಂದು ತರಾತುರಿಯಲ್ಲಿ ಎಬ್ಬಿಸಿದ ಆ ತಾತ್ಕಾಲಿಕ ಕಟ್ಟಡ 1998ರವರೆಗೆ ನಿಂತಿತ್ತು. ಸಂಘದಲ್ಲಿ ಎರಡು ಬಗೆಯ ಸದಸ್ಯರಿದ್ದರು. ಬೆಟ್ಟ, ಊರು, ಸೇತುವೆಗಳನ್ನು ಮಾಡಿ ಎಂಜಿನ್ನುಗಳಿಗೆ ಬಣ್ಣ ಬಳಿಯುವವರು ಮೇಜಿನ ಮೇಲೆ. ತಂತಿ ಜೋಡಿಸುವವರು ಮೇಜಿನ ಕೆಳಗೆ. ಕೆಳಗಿನವರ ಬಣಕ್ಕೆ 'ಸಿಗ್ನಲ್ಸ್ ಅಂಡ್ ಪವರ್' ಉಪಸಮಿತಿ ಎಂದು ಹೆಸರು. ಟೆಲಿಫೋನ್ ಉದ್ಯಮದಿಂದ ಕಾಲೇಜುಗಳಿಗೆ ದಾನವಾಗಿ ಬರುತ್ತಿದ್ದ ಹಳೆಯ ರಿಲೇಗಳು, ಡಯಲುಗಳು, ಎಕ್ಸ್‌ಚೇಂಜಿನ ಸ್ವಿಚ್ಚುಗಳು ಅವರ ಬಂಡವಾಳ. ಫೋನಿನ ಡಯಲು ತಿರುಗಿಸಿ ಬೇಕಾದ ಬ್ಲಾಕನ್ನು ತನ್ನ ವಶಕ್ಕೆ ಪಡೆಯುವಂತೆ, ಹಲವರು ಏಕಕಾಲದಲ್ಲಿ ಹಲವು ರೈಲುಗಳನ್ನು ಓಡಿಸುವಂತೆ ಅವರು ಒಂದು ಜಾಲವನ್ನೇ ಕಟ್ಟಿದರು. ಒಬ್ಬ ಚಂದಾದಾರನನ್ನು ಇನ್ನೊಬ್ಬನಿಗೆ ಜೋಡಿಸುವ ಯಂತ್ರ, ಚಾಲಕನನ್ನು ಹಳಿಗೆ ಜೋಡಿಸಲು ಬಂತು. ಸಮಸ್ಯೆ ಒಂದೇ ಎಂಬುದನ್ನು ಕಂಡುಕೊಂಡದ್ದೇ ಅವರ ಬುದ್ಧಿವಂತಿಕೆ.

ಜಾಣ ಹಾಗೂ ಅನಿರೀಕ್ಷಿತ ಪರಿಹಾರಕ್ಕೆ ಆ ಹುಡುಗರು ಬಳಸುತ್ತಿದ್ದ ಪದ 'ಹ್ಯಾಕ್'. ಪೀಟರ್ ಸ್ಯಾಮ್ಸನ್ ಎಂಬ ಸದಸ್ಯ 1959ರಲ್ಲಿ ಸಿದ್ಧಪಡಿಸಿದ ಸಂಘದ ಪದಕೋಶದಲ್ಲೇ ಆ ಪದವಿದೆ. ಇಂದು ಪತ್ರಿಕೆಗಳಲ್ಲಿ 'ಹ್ಯಾಕರ್' ಎಂದರೆ ಬ್ಯಾಂಕ್ ಖಾತೆಗೆ ಕನ್ನ ಹಾಕುವವನು. ಅರ್ಥವು ಇಷ್ಟು ಕೆಳಗಿಳಿದುದು ನನಗೆ ಅನ್ಯಾಯವೆನಿಸುತ್ತದೆ. ರಿಲೇಗಳ ತರ್ಕದಲ್ಲಿ ಪಳಗಿದ ಇವರು ಸಂಸ್ಥೆಗೆ ಬಂದ ಗಣಕಗಳತ್ತ ಹೊರಳಿದ್ದು ಸಹಜವೇ. ರಿಲೇ ತೆರೆದಿದೆಯೇ ಮುಚ್ಚಿದೆಯೇ ಎಂಬುದು, ಗಣಕದ ಸೊನ್ನೆ ಒಂದುಗಳಿಗಿಂತ ಬೇರೆಯಲ್ಲವಷ್ಟೆ. 1961ರಲ್ಲಿ ಅಲ್ಲಿಗೆ ಪಿಡಿಪಿ‑1 ಗಣಕ ಬಂತು. ಸಂಘದ ಸ್ಟೀವ್ ರಸೆಲ್ ಮತ್ತು ಗೆಳೆಯರು ಅದರ ಮೇಲೆ 'ಸ್ಪೇಸ್‌ವಾರ್' ಎಂಬ ಆಟವನ್ನು 1962ರ ವೇಳೆಗೆ ಸಿದ್ಧಗೊಳಿಸಿದರು. ಆರಂಭದ ಗಣಕ ಆಟಗಳಲ್ಲಿ ಅದು ಬಹು ಮುಖ್ಯವಾದುದು. ಅದನ್ನು ಆಡಲು ಬೇಕಾದ ಕೈಪೆಟ್ಟಿಗೆಗಳನ್ನು ರೈಲು ಸಂಘದ ಗುಜರಿ ಸಾಮಾನಿನಿಂದಲೇ ಮಾಡಿಕೊಂಡರಂತೆ. ಸ್ಟೀವನ್ ಲೆವಿ 1984ರಲ್ಲಿ ಪ್ರಕಟಿಸಿದ 'ಹ್ಯಾಕರ್ಸ್' ಪುಸ್ತಕ ಈ ರೈಲು ಮೇಜಿನಿಂದಲೇ ಆರಂಭವಾಗುತ್ತದೆ. ನಿಮ್ಮಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿರುವವರು ಓದಬಹುದು.

ಆದರೂ ಅವರದು ಹಳಿಯನ್ನು ಓಡಿಸುವ ವಿಧಾನವೇ. ರೈಲಿಗೇ ನೇರವಾಗಿ ಹೇಳುವ ಉಪಾಯ ಬೇರೆ ದಿಕ್ಕಿನಿಂದ ಬಂತು: ಹಳಿಗೆ ಸದಾ ಪೂರ್ಣ ವೋಲ್ಟೇಜು ಕೊಟ್ಟಿರುವುದು, ಅದರ ಜೊತೆಗೆ ಸಂದೇಶ ಕಳುಹಿಸುವುದು, ಪ್ರತಿ ಎಂಜಿನ್ನಿನೊಳಗೂ ತನ್ನ ಪಾಲಿನ ಸಂದೇಶವನ್ನು ಆರಿಸಿಕೊಳ್ಳುವ ಒಂದು ಪುಟ್ಟ ಮಂಡಲ ಇಡುವುದು. 1960ರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ಇದನ್ನು ಪ್ರಯತ್ನಿಸಿತು. 1979ರಲ್ಲಿ ಹಾರ್ನ್‌ಬಿಯ 'ಜೀರೊ 1' ಹದಿನಾರು ಎಂಜಿನ್ನುಗಳಿಗೆ ಬೇರೆಬೇರೆ ಆಜ್ಞೆ ಕೊಡಬಲ್ಲದಾಗಿತ್ತು. 1980ರ ದಶಕದ ನಡುವಿನಲ್ಲಿ ಮೆರ್ಕ್ಲಿನ್ ತನ್ನ ಡಿಜಿಟಲ್ ವ್ಯವಸ್ಥೆಯನ್ನು ತಂದಿತು. ಆದರೆ ಒಂದು ಕಂಪನಿಯ ಭಾಷೆ ಇನ್ನೊಂದರ ಎಂಜಿನ್ನಿಗೆ ತಿಳಿಯದು. 1935ರಲ್ಲಿ ಸ್ಥಾಪಿತವಾಗಿದ್ದ ಅಮೆರಿಕದ ಹವ್ಯಾಸಿಗಳ ರಾಷ್ಟ್ರೀಯ ಸಂಘ, ಜರ್ಮನಿಯ ಲೆಂಟ್ಸ್ ಸಂಸ್ಥೆಯ ಪದ್ಧತಿಯನ್ನು ಆಧಾರವಾಗಿಟ್ಟುಕೊಂಡು 1990ರ ದಶಕದ ಮೊದಲ ಭಾಗದಲ್ಲಿ ಎಲ್ಲರಿಗೂ ಒಪ್ಪುವ ಮಾನಕವನ್ನು ರೂಪಿಸಿತು. ಅದೇ ಡಿಸಿಸಿ. ಕಂಪನಿಗಳು ಮಾಡಲಾರದ್ದನ್ನು ಹವ್ಯಾಸಿಗಳು ಮಾಡಿದರು.

ಡಿಸಿಸಿಯಲ್ಲಿ ಶಕ್ತಿಯೂ ಸಂದೇಶವೂ ಒಂದೇ. ಹಳಿಯ ಧ್ರುವ ಸೆಕೆಂಡಿಗೆ ಸಾವಿರಾರು ಬಾರಿ ಅದಲುಬದಲಾಗುತ್ತಿರುತ್ತದೆ. ಒಂದು ಧ್ರುವದಲ್ಲಿ 58 ಮೈಕ್ರೊಸೆಕೆಂಡ್, ವಿರುದ್ಧ ಧ್ರುವದಲ್ಲಿ ಅಷ್ಟೇ ಹೊತ್ತು ಇದ್ದರೆ ಅದು 'ಒಂದು'. ಪ್ರತಿಯೊಂದರಲ್ಲೂ 100 ಅಥವಾ ಹೆಚ್ಚು ಮೈಕ್ರೊಸೆಕೆಂಡ್ ಇದ್ದರೆ 'ಸೊನ್ನೆ'. ಈ ಸೊನ್ನೆ ಒಂದುಗಳ ಸಾಲಿನಲ್ಲಿ ಎಂಜಿನ್ನಿನ ಸಂಖ್ಯೆ, ವೇಗ, ದಿಕ್ಕು ಎಲ್ಲವೂ ಅಡಗಿರುತ್ತವೆ. ಮೂರನೆಯ ನಂಬರಿನ ಎಂಜಿನ್ ತನ್ನ ಹೆಸರು ಕೇಳಿದಾಗ ಮಾತ್ರ ಕಿವಿಗೊಡುತ್ತದೆ. ತರಗತಿಯಲ್ಲಿ ಹಾಜರಿ ಕೂಗಿದಂತೆ. ಹೀಗೆ, ಸಮಾಂತರ ಜೋಡಣೆಯ ನಿಯಮ ಒಂದಿಷ್ಟೂ ಮುರಿಯದೆ ಎರಡು ರೈಲುಗಳು ಬೇರೆಬೇರೆಯಾಗಿ ಓಡಿದವು. ವೋಲ್ಟೇಜು ಎರಡಕ್ಕೂ ಒಂದೇ, ಆಜ್ಞೆ ಬೇರೆ.

'ಎರಡೇ ತಂತಿ ಸಾಕು' ಎಂದು ಇದನ್ನು ಹೊಗಳುವುದುಂಟು. ಅದು ಅರ್ಧ ಸತ್ಯ. ಉದ್ದನೆಯ ಹಳಿಯಲ್ಲಿ ಕಂಬಿಯ ಸ್ವಂತ ರೋಧದಿಂದಲೂ, ಕಂಬಿಗಳನ್ನು ಜೋಡಿಸುವ ಸಣ್ಣ ಲೋಹದ ಪಟ್ಟಿಗಳು ಸಡಿಲವಾಗುವುದರಿಂದಲೂ ವೋಲ್ಟೇಜು ಇಳಿಯುತ್ತದೆ. ಆದ್ದರಿಂದ ಬಲ್ಲವರು ಮೇಜಿನ ಕೆಳಗೆ ಉದ್ದಕ್ಕೂ ದಪ್ಪನೆಯ ಎರಡು ತಂತಿ ಎಳೆದು, ಪ್ರತಿ ತುಂಡು ಕಂಬಿಗೂ ಅಲ್ಲಿಂದ ಒಂದೊಂದು ತೆಳು ತಂತಿ ಬೆಸುಗೆ ಹಾಕುತ್ತಾರೆ. ಮುಖ್ಯ ಕಾಲುವೆಯಿಂದ ಗದ್ದೆಗೆ ತೂಬು ಇಟ್ಟ ಹಾಗೆ. ಕುಣಿಕೆಯ ತೊಡಕೂ ತಪ್ಪಲಿಲ್ಲ. ಸ್ವಿಚ್ಚಿನ ಬದಲು ಈಗ ಒಂದು ವಿದ್ಯುನ್ಮಾನ ಸಾಧನ ತಾನಾಗಿಯೇ ಧ್ರುವ ಬದಲಿಸುತ್ತದೆ, ಅಷ್ಟೆ. ಕಂಬಿಯ ಲೋಹವೂ ಬದಲಾಗಿದೆ. ಉಕ್ಕು ತುಕ್ಕು ಹಿಡಿಯುತ್ತದೆ, ಹಿತ್ತಾಳೆ ಮಂಕಾಗಿ ವಿದ್ಯುತ್ತನ್ನು ತಡೆಯುತ್ತದೆ. ಈಗ ಬಹುಮಟ್ಟಿಗೆ ಬಳಸುವುದು ನಿಕಲ್ ಸಿಲ್ವರ್. ಹೆಸರಿನಲ್ಲಿ ಬೆಳ್ಳಿಯಿದ್ದರೂ ಅದರಲ್ಲಿರುವುದು ತಾಮ್ರ, ನಿಕಲ್, ಸತು ಮಾತ್ರ. ಆದರೂ ಚಕ್ರ ಮತ್ತು ಕಂಬಿ ಮುಟ್ಟುವ ಜಾಗ ಸಾಸಿವೆಗಿಂತ ಚಿಕ್ಕದು. ಅಲ್ಲಿ ಒಂದು ಕಣ ಧೂಳು ಕುಳಿತರೆ ಸಂದೇಶವೂ ಇಲ್ಲ, ಶಕ್ತಿಯೂ ಇಲ್ಲ. ಈ ಜಂಜಾಟವೇ ಬೇಡವೆಂದು, ತೋಟದಲ್ಲಿ ದೊಡ್ಡ ಅಳತೆಯ ರೈಲು ಓಡಿಸುವ ಹಲವರು ಬೋಗಿಯೊಳಗೇ ಬ್ಯಾಟರಿ ಇಟ್ಟು ರೇಡಿಯೊ ಮೂಲಕ ಆಜ್ಞೆ ಕೊಡುತ್ತಾರೆ. ಅವರ ಹಳಿಯಲ್ಲಿ ಕರೆಂಟೇ ಇಲ್ಲ, 1891ರ ಲೈಪ್‌ಜಿಗ್ ಹಳಿಯಲ್ಲಿ ಇಲ್ಲದಿದ್ದ ಹಾಗೆ.