ಗೋದಾವರಿ ತಟದ ಕುಂಬಾರಿಕೆ: ಕುಲಕಸುಬಿನಿಂದ ಹವ್ಯಾಸದವರೆಗೆ

ನಾಸಿಕ್ ಜಿಲ್ಲೆಯ ತ್ರ್ಯಂಬಕದಲ್ಲಿ ಹುಟ್ಟುವ ಗೋದಾವರಿ ಪೂರ್ವಕ್ಕೆ ಹರಿದು ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣವನ್ನು ಮುಟ್ಟುವವರೆಗಿನ ನೆಲವೆಲ್ಲ ದಖನ್ನಿನ ಲಾವಾ ಕಲ್ಲಿನ ಮೇಲೆ ಹರಡಿದೆ. ಆ ಕಪ್ಪು ಕಲ್ಲು ಸವೆದು ಆದ ಎರೆಮಣ್ಣು ಹತ್ತಿಗೆ ವರ, ಕುಂಬಾರನಿಗೆ ಕಾಟ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಹಾಗಾಗಿ ಇಲ್ಲಿನ ಕುಂಬಾರರು ಹೊಳೆದಂಡೆ, ಕೆರೆಯಂಗಳಗಳ ಮೆಕ್ಕಲು ಮಣ್ಣನ್ನು ಹುಡುಕಿ ತಂದು, ಕುದುರೆ ಲದ್ದಿಯನ್ನೂ ಬೂದಿಯನ್ನೂ ಬೆರೆಸಿ, ತುಳಿದು ಹದ ಮಾಡುತ್ತ ಬಂದರು. ಲದ್ದಿಯ ನಾರು ಒಣಗುವಾಗ ಬಿರುಕನ್ನು ತಡೆಯುತ್ತದೆ. ಆವಿಗೆಯಲ್ಲಿ ಉರಿದುಹೋಗಿ ಸೂಕ್ಷ್ಮ ರಂಧ್ರಗಳನ್ನು ಉಳಿಸುತ್ತದೆ. ಆ ರಂಧ್ರಗಳಿಂದ ನೀರು ಜಿನುಗಿ ಆವಿಯಾಗುವುದರಿಂದಲೇ ಗಡಿಗೆಯ ನೀರು ತಣ್ಣಗಿರುತ್ತದೆ.

ಈ ಸೀಮೆಯ ಕುಂಬಾರಿಕೆಗೆ ಮೂರು ಸಾವಿರ ವರ್ಷಕ್ಕೂ ಮಿಕ್ಕ ಇತಿಹಾಸವಿದೆ. 1950-51ರಲ್ಲಿ ಎಚ್.ಡಿ. ಸಾಂಕಳಿಯಾ ಮತ್ತು ಎಸ್.ಬಿ. ದೇವ್ ನಾಸಿಕ್‌ನ ನದಿದಂಡೆಯ ದಿಬ್ಬವನ್ನೂ ಪ್ರವರಾ ತೀರದ ಜೋರ್ವೆ ಎಂಬ ಹಳ್ಳಿಯನ್ನೂ ಅಗೆದರು. ಜೋರ್ವೆಯ ಹೆಸರು ಒಂದು ಇಡೀ ಸಂಸ್ಕೃತಿಗೇ ಅಂಟಿಕೊಂಡಿತು. ಕ್ರಿ.ಪೂ. 1400ರ ಸುಮಾರಿಗೆ ಆರಂಭವಾಗುವ ಈ ಹಂತದ ಪಾತ್ರೆಗಳು ತೆಳ್ಳಗಿವೆ, ಚೆನ್ನಾಗಿ ಬೆಂದಿವೆ, ಬೆರಳಿನಿಂದ ತಟ್ಟಿದರೆ ಲೋಹದಂತೆ ದನಿಗೊಡುತ್ತವೆ. ಕೆಂಪು ಮೈ, ಅದರ ಮೇಲೆ ಕಪ್ಪು ರೇಖಾಚಿತ್ರ, ಉದ್ದ ಕೊಳವೆಯ ಮೂತಿಯ ಗಿಂಡಿ ಇದರ ಗುರುತು. ಬಳ್ಳಾರಿ ಸೀಮೆಯ ತೆಕ್ಕಲಕೋಟೆಯಲ್ಲೂ ಜೋರ್ವೆ ಮಾದರಿಯ ಚೂರುಗಳು ಸಿಕ್ಕಿರುವುದರಿಂದ ಕನ್ನಡ ನೆಲದೊಂದಿಗೆ ಇದ್ದ ಒಡನಾಟ ಊಹಿಸಬಹುದು. ತೀರಿಹೋದ ಮಕ್ಕಳನ್ನು ಎರಡು ಗಡಿಗೆಗಳ ಬಾಯಿಗೆ ಬಾಯಿ ಕೂಡಿಸಿ, ಒಳಗಿಟ್ಟು, ಮನೆಯ ನೆಲದಡಿಯಲ್ಲೇ ಹೂಳುತ್ತಿದ್ದರು. ಅಡುಗೆಯಿಂದ ಸಾವಿನವರೆಗೆ ಎಲ್ಲಕ್ಕೂ ಮಣ್ಣಿನ ಪಾತ್ರೆ ಬೇಕಿದ್ದ ಕಾಲ ಅದು.

ಶಾತವಾಹನರ ಆಳ್ವಿಕೆ ಮುಗಿದ ಹೊತ್ತಿಗೆ ಕುಂಬಾರರು ಬರೆಹದಲ್ಲಿ ಕಾಣಿಸಿಕೊಳ್ಳುತ್ತಾರೆ. ನಾಸಿಕ್‌ನ ತ್ರಿರಶ್ಮಿ ಬೆಟ್ಟದ ಗುಹೆಗಳಲ್ಲಿ, ಶಾತವಾಹನರ ನಂತರ ಆಳಿದ ಆಭೀರ ರಾಜ ಈಶ್ವರಸೇನನ ಶಾಸನವೊಂದಿದೆ. ವಿಷ್ಣುದತ್ತಾ ಎಂಬ ಉಪಾಸಿಕೆ, ಕಾಯಿಲೆ ಬಿದ್ದ ಭಿಕ್ಷುಗಳ ಔಷಧಕ್ಕಾಗಿ ಹಲವು ಶ್ರೇಣಿಗಳಲ್ಲಿ, ಅಂದರೆ ಕಸುಬುದಾರರ ಸಂಘಗಳಲ್ಲಿ, ಹಣ ಇಟ್ಟ ವಿವರ ಅದರಲ್ಲಿದೆ. ವಿದ್ವಾಂಸರು ಸಾಮಾನ್ಯವಾಗಿ ಕುಂಬಾರರದೆಂದು ಓದಿರುವ ಶ್ರೇಣಿಗೆ ಸಂದದ್ದು 1000 ಕಾರ್ಷಾಪಣ ನಾಣ್ಯ. ಅಸಲನ್ನು ಮುಟ್ಟದೆ ಬಡ್ಡಿಯನ್ನು ತಲೆಮಾರುಗಟ್ಟಲೆ ಕೊಡಬಲ್ಲರು ಎಂಬ ನಂಬಿಕೆ ಗಡಿಗೆ ಮಾಡುವವರ ಸಂಘದ ಮೇಲಿತ್ತೆಂದರೆ ಅವರ ವ್ಯವಹಾರ ಎಷ್ಟು ಗಟ್ಟಿಯಾಗಿದ್ದಿರಬೇಕು! ಮುಂದಿನ ಶತಮಾನಗಳ ಹಳ್ಳಿಯ ಕುಂಬಾರನಿಗೆ ಇಂಥ ಸ್ಥಾನ ಮತ್ತೆ ಸಿಕ್ಕಿದಂತೆ ಕಾಣುವುದಿಲ್ಲ.

ಶಾತವಾಹನರ ಕಾಲದಲ್ಲೇ ಪೈಠಣ, ತೇರ್, ಭೋಕರ್ದನ್‌ಗಳಲ್ಲಿ ಬಿಳಿ ಜೇಡಿಯನ್ನು ಜೋಡಿ ಅಚ್ಚುಗಳಲ್ಲಿ ಒತ್ತಿ ಟೊಳ್ಳು ಗೊಂಬೆಗಳನ್ನು ಮಾಡುತ್ತಿದ್ದರು. ಪೈಠಣಕ್ಕೆ ಅಂಟಿದ ಶಾಲಿವಾಹನನ ಕತೆಯೂ ಮಣ್ಣಿನದೇ. ಕುಂಬಾರನ ಮನೆಯಲ್ಲಿ ಬೆಳೆದ ಹುಡುಗ ಆಟಕ್ಕೆಂದು ಮಣ್ಣಿನ ಆನೆ, ಕುದುರೆ, ಕಾಲಾಳು ಮಾಡುತ್ತಾನೆ. ವಿಕ್ರಮಾದಿತ್ಯನ ದಂಡು ಬಂದಾಗ ಅವಕ್ಕೆ ಜೀವ ಬರುತ್ತದೆ. ಕನ್ನಡದ ಪಂಚಾಂಗಗಳಲ್ಲಿ ಇಂದಿಗೂ ನಡೆಯುವ, ಕ್ರಿ.ಶ. 78ರಿಂದ ಎಣಿಸುವ ಶಕೆಗೆ ಅವನದೇ ಹೆಸರು. ಕತೆಯನ್ನು ಇತಿಹಾಸವೆಂದು ಓದಬೇಕಿಲ್ಲ. ಆದರೆ ಮಾರಾಟಕ್ಕಲ್ಲದೆ ಸುಮ್ಮನೆ ಮಣ್ಣು ಹಿಡಿದವನೊಬ್ಬ ಈ ಸೀಮೆಯ ನೆನಪಿನಲ್ಲಿ ಇಷ್ಟು ಹಿಂದೆಯೇ ಇದ್ದಾನೆ.

ಮಧ್ಯಕಾಲದ ಕುಂಬಾರ ಹಳ್ಳಿಯ ಹನ್ನೆರಡು ಬಲುತೇದಾರರಲ್ಲಿ ಒಬ್ಬ. ಕರ್ನಾಟಕದ ಆಯಗಾರರಂತೆಯೇ ಸುಗ್ಗಿಯಲ್ಲಿ ಕಾಳಿನ ಪಾಲು ಪಡೆದು ವರ್ಷವಿಡೀ ಊರಿಗೆ ಗಡಿಗೆ, ಹಣತೆ, ಹೆಂಚು ಒದಗಿಸುವುದು ಅವನ ಹೊಣೆ. ಸಂಕ್ರಾಂತಿಗೆ ಹೆಂಗಸರು ಕಬ್ಬು, ಬೋರೆಹಣ್ಣು, ಹಸಿ ಕಾಳು ತುಂಬಿ ಬಾಗಿನದಂತೆ ಕೊಡುವ ಪುಟ್ಟ ಸುಗಡ, ನವರಾತ್ರಿಯ ಘಟ, ಪೋಳಾ ಹಬ್ಬದ ಮಣ್ಣಿನ ಎತ್ತು, ಚಿತೆಯ ಸುತ್ತ ನೀರು ಚೆಲ್ಲಿ ಒಡೆಯುವ ಮಡಕೆ, ಎಲ್ಲವೂ ಅವನ ಅಂಗಳದಿಂದಲೇ ಬರಬೇಕು. ಈ ಕಸುಬಿನಿಂದಲೇ ತೇರ್‌ನ ಸಂತ ಗೋರಾ ಕುಂಬಾರ ಬಂದ. ವಿಠ್ಠಲನ ಧ್ಯಾನದಲ್ಲಿ ಮೈಮರೆತು, ತುಳಿಯುತ್ತಿದ್ದ ಕೆಸರಿನಲ್ಲಿ ತನ್ನ ಮಗುವನ್ನೇ ತುಳಿದ ಅವನ ಕತೆ 1974ರ ‘ಭಕ್ತ ಕುಂಬಾರ’ ಚಿತ್ರದಿಂದ ಕನ್ನಡಿಗರಿಗೆ ಮನೆಮಾತು. ಗಡಿಗೆ ತಟ್ಟುವ ಹಲಗೆಯಿಂದಲೇ ಸಂತರ ತಲೆ ತಟ್ಟಿ ನೋಡಿ, ನಾಮದೇವ ಇನ್ನೂ ಬೆಂದಿಲ್ಲವೆಂದು ಹೇಳಿದ ಪ್ರಸಂಗವೂ ಅವನದೇ. ಬೀದರ ಸೀಮೆಯ ಶರಣ ಕುಂಬಾರ ಗುಂಡಯ್ಯನನ್ನು ಹರಿಹರನ ರಗಳೆ ಕೊಂಡಾಡಿತು. ಅಕ್ಕಪಕ್ಕದ ಎರಡು ನಾಡುಗಳೂ ತಮ್ಮ ಭಕ್ತಿಯನ್ನು ತಿಗರಿಯ ಮುಂದೆ ಕೂರಿಸಿದ್ದು ಆಕಸ್ಮಿಕವಲ್ಲ. ಕುಂಬಾರನ ಕೆಲಸ ಎಲ್ಲರೂ ದಿನಾ ಕಾಣುತ್ತಿದ್ದದ್ದು.

ನಗರದ ಬೇಡಿಕೆ ಬೇರೆ. 1610ರಲ್ಲಿ ಇಂದಿನ ಸಂಭಾಜಿನಗರವಾದ ಖಡ್ಕಿ ಪಟ್ಟಣವನ್ನು ಕಟ್ಟಿದ ಮಲಿಕ್ ಅಂಬರ್, ಅದಕ್ಕೆ ನೆಲದಡಿಯ ಕಾಲುವೆಗಳಲ್ಲಿ ನೀರು ತಂದ, ಅದೇ ನಹರ್-ಎ-ಅಂಬರಿ. ಈ ಊರಿನ ನೀರಿನ ಏರ್ಪಾಟುಗಳಲ್ಲಿ ಸುಟ್ಟ ಮಣ್ಣಿನ ಕೊಳವೆಗಳಿಗೆ ದೊಡ್ಡ ಪಾತ್ರವಿತ್ತು. 18ನೆಯ ಶತಮಾನದ ಪನಚಕ್ಕಿ ಎಂಬ ನೀರಿನ ಗಿರಣಿಗೂ ದೂರದ ಬೆಟ್ಟದ ಊಟೆಯ ನೀರು ಅಂಥ ಕೊಳವೆಗಳಲ್ಲೇ ಬಂತು. ಗೋಲ್ಕೊಂಡದ ಕೊನೆಯ ಸುಲ್ತಾನ ತಾನಾಶಾಹ 1687ರ ಸೋಲಿನ ಬಳಿಕ ಸೆರೆಯಲ್ಲಿದ್ದ ದೌಲತಾಬಾದಿನ ಚೀನಿ ಮಹಲಿಗೆ ಆ ಹೆಸರು ಬಂದದ್ದು ಅದರ ನೀಲಿ ಬಿಲ್ಲೆಗಳಿಂದ. ಗಾಜಿನಂತೆ ಹೊಳೆಯುವ ಆ ಲೇಪ ಅರಮನೆಗೆ ಬಂತು, ಹಳ್ಳಿಯ ಆವಿಗೆಗೆ ಇಳಿಯಲಿಲ್ಲ.

ಕುಲಕ್ಕೆ ಹೊರಗಿನವರು ಕಲೆಯೆಂದು ಕುಂಬಾರಿಕೆ ಕಲಿಯುವ ದಾರಿ ತೆರೆದದ್ದು ಮುಂಬಯಿಯಲ್ಲಿ. ಸರ್ ಜೆ.ಜೆ. ಕಲಾಶಾಲೆಯಲ್ಲಿ ಜಾರ್ಜ್ ಟೆರ್ರಿ 1870ರ ದಶಕದಲ್ಲಿ ಮೆರುಗು ಪಾತ್ರೆಗಳ ಕಾರ್ಯಾಗಾರ ನಡೆಸಿದ. ಅದೇ ಶಾಲೆಯ ಜಾನ್ ಗ್ರಿಫಿತ್ಸ್ 1872ರಿಂದ ವಿದ್ಯಾರ್ಥಿಗಳನ್ನು ಅಜಂತಾಕ್ಕೆ ಕರೆದೊಯ್ದು ಭಿತ್ತಿಚಿತ್ರಗಳ ಪ್ರತಿ ತೆಗೆಸುತ್ತಿದ್ದ. ಅಜಂತಾದ ಬಳ್ಳಿ, ಹಂಸ, ಆಕೃತಿಗಳು ಹೂದಾನಿಗಳ ಮೈಗೆ ಬಂದವು. ಸಂಭಾಜಿನಗರ ಜಿಲ್ಲೆಯ ಗುಹೆಯ ಚಿತ್ರ ಮುಂಬಯಿಯಲ್ಲಿ ಪಾತ್ರೆಯಾಗಿ ಪರದೇಶದ ಸಂಗ್ರಹಾಲಯ ಸೇರಿತು. ಅಜಂತಾದ ಪಕ್ಕದ ಹಳ್ಳಿಯ ಕುಂಬಾರನಿಗೆ ಅದರಿಂದ ಸಿಕ್ಕಿದ್ದೇನೂ ಇಲ್ಲ. ಮುಂದೆ ದಿಲ್ಲಿಯಲ್ಲಿ ಗುರುಚರಣ್ ಸಿಂಗ್, 1971ರಿಂದ ಪುದುಚೇರಿಯ ಗೋಲ್ಡನ್ ಬ್ರಿಜ್ ಪಾಟರಿಯಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಸ್ಟುಡಿಯೊ ಕುಂಬಾರಿಕೆಯನ್ನು ಬೆಳೆಸಿದರು. ಇಂದಿನ ಹವ್ಯಾಸಿಯ ವಂಶಾವಳಿ ಇದು. ಊರ ಕುಂಬಾರನೊಡನೆ ಅವನ ನಂಟು ತೀರ ದೂರದ್ದು.

ಇಬ್ಬರ ಕೈಯ ಮಣ್ಣೇ ಬೇರೆ. ಕಬ್ಬಿಣದ ಅಂಶ ಹೆಚ್ಚಿರುವ ಸ್ಥಳೀಯ ಮಣ್ಣು 1200 ಡಿಗ್ರಿ ಸೆಲ್ಸಿಯಸ್‌ನ ಕಾವಿಗೆ ಉಬ್ಬಿ ಕರಗುತ್ತದೆ. ಕಾಫಿ ಬಟ್ಟಲು, ತಟ್ಟೆ ಮಾಡಬಯಸುವವರು ಅಷ್ಟು ಕಾವು ತಡೆಯುವ ಸಿದ್ಧ ಮಣ್ಣನ್ನು ಚೀಲಗಟ್ಟಲೆ ತರಿಸುತ್ತಾರೆ. ಅದನ್ನು ನಾದಿ ಒಳಗಿನ ಗಾಳಿ ತೆಗೆಯುವುದು, ಮೋಟಾರಿನ ತಿಗರಿಯ ನಟ್ಟನಡುವೆ ನಿಲ್ಲಿಸುವುದು, ಎತ್ತಿದ ಪಾತ್ರೆ ಚರ್ಮದಷ್ಟು ಗಟ್ಟಿಯಾದ ಮೇಲೆ ತಳ ಕೆತ್ತುವುದು, ಸುಮಾರು 900-1000 ಡಿಗ್ರಿಗೆ ಮೊದಲು ಸುಟ್ಟು, ಮೆರುಗಿನಲ್ಲಿ ಅದ್ದಿ ಮತ್ತೆ ಸುಡುವುದು, ಹೀಗೆ ಒಂದು ಬಟ್ಟಲಿಗೆ ವಾರಗಳೇ ಹಿಡಿಯುತ್ತವೆ. ಎರಡನೆಯ ಸುಡುವಿಕೆಯಲ್ಲಿ ರಂಧ್ರಗಳೆಲ್ಲ ಮುಚ್ಚುತ್ತವೆ. ಸಾರು ಸೋರದ ಬಟ್ಟಲು ಬರುತ್ತದೆ, ನೀರು ತಂಪಿಡುವ ಗುಣ ಹೋಗುತ್ತದೆ. ಸಂಭಾಜಿನಗರದ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಗಡಿಗೆಗೆ ಊರ ಕುಂಬಾರನೇ ಬೇಕು.

ಕುಂಬಾರರ ಮನೆಗಳಲ್ಲಿ ತಿಗರಿ ಗಂಡಸರದ್ದಾಗಿತ್ತು. ಹೆಂಗಸರದು ಮಣ್ಣು ಸೋಸುವುದು, ಬಣ್ಣ ಬಳಿಯುವುದು, ಸಂತೆಯ ಮಾರಾಟ. ಒಲೆ ಹಾಕುವುದು, ಕಣಜಕ್ಕೆ ಮೆತ್ತುವುದು ಮಾತ್ರ ಎಲ್ಲ ಜಾತಿಯ ಹೆಂಗಸರ ಮನೆಗೆಲಸ. ಉತ್ತರ ಕರ್ನಾಟಕದ ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಮಕ್ಕಳೂ ಎತ್ತು ಮಾಡುತ್ತಾರೆ. ಬರಿಗೈಯ ಮಣ್ಣುಗೆಲಸ ಯಾವತ್ತೂ ಎಲ್ಲರದ್ದೇ; ಕುಲದ ಒಳಗೆ ಉಳಿದಿದ್ದದ್ದು ತಿಗರಿ ಮತ್ತು ಆವಿಗೆ. ಹವ್ಯಾಸದ ತರಗತಿಗಳು ಬದಲಾಯಿಸಿದ್ದು ಇದನ್ನು: ತಿಗರಿಯ ಮುಂದೆ ಯಾರು ಬೇಕಾದರೂ, ಹೆಂಗಸರೂ, ಕೂರಬಹುದಾಯಿತು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2018ರಿಂದ ಕುಂಬಾರ ಕುಟುಂಬಗಳಿಗೆ ವಿದ್ಯುತ್ ತಿಗರಿ ಹಂಚುತ್ತಿರುವುದರಿಂದ ಇಬ್ಬರ ಉಪಕರಣವೂ ಹತ್ತಿರವಾಗಿದೆ.

ಸುಡುವ ಕ್ರಮ ಮಾತ್ರ ಹತ್ತಿರವಾಗಿಲ್ಲ. ಹುಲ್ಲು, ಬೆರಣಿ, ಕಟ್ಟಿಗೆ ಒಟ್ಟಿ ಬಯಲಲ್ಲಿ ಸುಡುವ ಆವಿಗೆಗೆ ಮಳೆಗಾಲದಲ್ಲಿ ರಜೆ, ಆದ್ದರಿಂದ ಕುಂಬಾರನ ದುಡಿಮೆ ಹೆಚ್ಚಾಗಿ ದೀಪಾವಳಿಯಿಂದ ಬೇಸಿಗೆಯ ತನಕ. ಹವ್ಯಾಸಿಯ ವಿದ್ಯುತ್ ಕುಲುಮೆ ಆಷಾಢದಲ್ಲೂ ಉರಿಯುತ್ತದೆ. ಹಸಿ ಪಾತ್ರೆ ಒಣಗಲು ಒಂದೆರಡು ದಿನ ಹೆಚ್ಚು ಕಾಯಬೇಕು, ಅಷ್ಟೇ.