ವಾರಾನ್ನ: ಮಿತಿಯಿದ್ದ ದಾನದ ಚರಿತ್ರೆ

ದಾನ ಎಂದೊಡನೆ ನೆನಪಿಗೆ ಬರುವವರು ಕರ್ಣ ಮತ್ತು ಬಲಿ. ಒಬ್ಬ ಮೈಗಂಟಿದ ಕವಚವನ್ನೇ ಕಿತ್ತುಕೊಟ್ಟ, ಇನ್ನೊಬ್ಬ ಮೂರನೆಯ ಹೆಜ್ಜೆಗೆ ತಲೆಯೊಡ್ಡಿದ. ಇಷ್ಟು ಕೊಡುತ್ತೇನೆ, ಇದಕ್ಕಿಂತ ಹೆಚ್ಚು ನನ್ನಿಂದಾಗದು ಎಂದ ದಾನಿಯ ಮೇಲೆ ಯಾರೂ ಯಕ್ಷಗಾನ ಪ್ರಸಂಗ ಕಟ್ಟಲಿಲ್ಲ. ಅದಕ್ಕೇ ಇರಬೇಕು, ಕಷ್ಟದಲ್ಲಿರುವ ಮನೆಗೆ ನೆರವಾಗುವಾಗ ಮಿತಿ ಹಾಕಿಕೊಂಡರೆ ಮನಸ್ಸು ಸಣ್ಣದಾಯಿತೇನೋ ಎಂಬ ಅಳುಕು ಇವತ್ತಿಗೂ ಹೋಗಿಲ್ಲ. ಆದರೆ ಕರ್ನಾಟಕದ ಪಟ್ಟಣಗಳಲ್ಲಿ ಬಡ ಕುಟುಂಬಗಳ ಹುಡುಗರನ್ನು ತಲೆಮಾರುಗಟ್ಟಲೆ ಓದಿಸಿ ದಡ ಮುಟ್ಟಿಸಿದ ಪದ್ಧತಿಯೊಂದು ನಿಂತಿದ್ದೇ ಮಿತಿಯ ಮೇಲೆ. ಒಬ್ಬ ಹುಡುಗ, ವಾರದಲ್ಲಿ ಒಂದು ದಿನ, ಆ ದಿನದ ಊಟ. ಒಂದು ಮನೆ ಒಪ್ಪಿಕೊಳ್ಳುತ್ತಿದ್ದುದು ಅಷ್ಟನ್ನೇ. ಅದೇ ವಾರಾನ್ನ. ನೆರವು ಬಹುಕಾಲ ನಡೆಯಬೇಕಾದರೆ, ಪಡೆಯುವವನ ಮಾನವೂ ಒಂದಿಷ್ಟು ಉಳಿಯಬೇಕಾದರೆ, ಕೊಡುವುದಕ್ಕೆ ಮೊದಲೇ ಗೊತ್ತಾದ ಎಲ್ಲೆ ಬೇಕು ಎನ್ನುವುದಕ್ಕೆ ಅದರ ಚರಿತ್ರೆಯೇ ಸಾಕ್ಷಿ. ಆ ಎಲ್ಲೆಯನ್ನು ಎಲ್ಲಿ ಎಳೆಯಬಾರದು ಎನ್ನುವುದಕ್ಕೂ ಅದೇ ಸಾಕ್ಷಿ.

ಅನ್ನ ಕೊಟ್ಟು ವಿದ್ಯಾರ್ಥಿಗಳನ್ನು ಸಾಕುವುದು ಹಳೆಯ ಕಾಲದ್ದೇ. ಆದರೆ ವಾರಾನ್ನ ಊರೂರಿಗೆ ಹಬ್ಬಿದ್ದು ಇಂಗ್ಲಿಷ್ ಶಾಲೆಗಳು ಬಂದ ಮೇಲೆ. 19ನೇ ಶತಮಾನದ ಕೊನೆಯ ಹೊತ್ತಿಗೆ ನೌಕರಿಯ ಆಸೆಯಿದ್ದವರು ಹೈಸ್ಕೂಲಿನ ಮೆಟ್ಟಿಲು ಹತ್ತಲೇಬೇಕಾಯಿತು. ಹೈಸ್ಕೂಲುಗಳಿದ್ದುದು ದೊಡ್ಡ ಪಟ್ಟಣಗಳಲ್ಲಿ. ಹಳ್ಳಿಯ ಬಡ ಪುರೋಹಿತನೋ ವಿಧವೆ ತಾಯಿಯೋ ಮಗನನ್ನು ಮೈಸೂರಿಗೋ ತುಮಕೂರಿಗೋ ಕಳಿಸಿದರೆ ಅವನಿಗೆ ಮಲಗಲು ಛತ್ರದ ಜಗಲಿಯಾದರೂ ಸಿಗುತ್ತಿತ್ತು, ಊಟಕ್ಕೆ ಮಾತ್ರ ಏಳು ಮನೆ ಹುಡುಕಬೇಕಿತ್ತು. ಗುರುತಿನವರೊಬ್ಬರು ಅವನನ್ನು ಬಾಗಿಲಿನಿಂದ ಬಾಗಿಲಿಗೆ ಕರೆದೊಯ್ದು, ‘ಹುಡುಗ ಬುದ್ಧಿವಂತ, ಒಂದು ವಾರ ಕೊಡಿ ತಾಯಿ’ ಎಂದು ಕೇಳಬೇಕು. ‘ಬುಧವಾರ ಬಾರಪ್ಪ’ ಎಂದು ಆ ಮನೆಯಾಕೆ ಹೇಳಿದರೆ ಬುಧವಾರದ ಚಿಂತೆ ತೀರಿತು. ಒಂದು ಹೊತ್ತೋ ಎರಡು ಹೊತ್ತೋ ಎಂಬುದು ಮನೆಯಿಂದ ಮನೆಗೆ ಬೇರೆ. ಐದೇ ಮನೆ ಸಿಕ್ಕರೆ ಉಳಿದೆರಡು ದಿನ ಹಿಡಿ ಅವಲಕ್ಕಿ, ಇಲ್ಲವೇ ತಣ್ಣೀರು. ವಾರದ ಮನೆಯಲ್ಲಿ ಸೂತಕ ಬಂದರೂ ಹೊಟ್ಟೆಗೆ ಅದೇ ಗತಿ. ಧಾರವಾಡದ ಕಡೆ ಇದರ ಜೊತೆಗೆ ಮಧುಕರಿಯೂ ಇತ್ತು. ಹಲವು ಮನೆಗಳಿಂದ ತುಸು ತುಸು ಅನ್ನ ಬೇಡಿ ತಂದು ಒಂದೆಡೆ ಕೂತು ಉಣ್ಣುವ ಕ್ರಮ ಅದು.

ಈ ಏರ್ಪಾಡಿನ ಒಳಗುಟ್ಟು ಅದರ ಲೆಕ್ಕದಲ್ಲಿದೆ. ವಾರ ಕೊಟ್ಟವರೆಲ್ಲ ಸಾಹುಕಾರರಲ್ಲ, ಬಹುಪಾಲು ಗುಮಾಸ್ತರು, ಮೇಷ್ಟರು, ಸಣ್ಣ ವಕೀಲರು. ಪರರ ಹುಡುಗನೊಬ್ಬನನ್ನು ವರ್ಷವಿಡೀ ಮನೆಯಲ್ಲಿಟ್ಟು ಸಾಕುವುದು ಅವರ ಕೈಲಾಗದ ಮಾತು. ಆದರೆ ವಾರಕ್ಕೊಮ್ಮೆ ಇನ್ನೊಂದು ಎಲೆ ಹಾಕುವುದು ಅಂಥ ಭಾರವೇನಲ್ಲ. ಹೊರೆ ಏಳು ಪಾಲಾದ್ದರಿಂದ ಅಲ್ಪ ಆದಾಯದವರೂ ದಾನಿಗಳಾದರು. ಅದಕ್ಕಿಂತ ದೊಡ್ಡ ಲಾಭ ಹುಡುಗನದು. ಒಂದೇ ಮನೆಯಲ್ಲಿ ಬಿಟ್ಟಿ ಅನ್ನ ತಿಂದುಕೊಂಡಿದ್ದವನು ನೀರು ಸೇದಿ, ಸೌದೆ ಒಡೆದು, ಸಾಮಾನು ತಂದುಕೊಟ್ಟು, ಕಡೆಗೆ ಸಂಬಳವಿಲ್ಲದ ಆಳಾಗುವುದು ಸುಲಭ. ವಾರಾನ್ನದ ಮನೆಗಳಲ್ಲೂ ಚಿಲ್ಲರೆ ಕೆಲಸ ತಪ್ಪುತ್ತಿರಲಿಲ್ಲ ನಿಜ, ಆದರೆ ಅವನ ಓದು, ಅವನ ಪೂರ್ತಿ ದಿನ, ಅವನ ಮುಂದಿನ ದಾರಿ ಯಾವುದೇ ಒಬ್ಬ ಯಜಮಾನನ ಕೈಯಲ್ಲಿರಲಿಲ್ಲ. ಏಳನೇ ಒಂದು ಪಾಲು ಅನ್ನ ಹಾಕಿದವನಿಗೆ ಏಳನೇ ಒಂದು ಪಾಲಿನ ಹಕ್ಕೂ ಹುಟ್ಟಲಿಲ್ಲ ಎನ್ನಬಹುದು.

ಕೊಡುವುದನ್ನು ಅಳೆದು ಹಂಚುವ ಈ ಬುದ್ಧಿ ಕನ್ನಡ ನಾಡಿಗೆ ಹೊಸದಲ್ಲ. ಇಂದಿನ ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ವಿದ್ಯಾಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ ಅಲ್ಲಿ 27 ಮನೆಗಳು. ಅದಕ್ಕೆ ಸಿಕ್ಕ ದತ್ತಿಯನ್ನು 945ರ ಶಾಸನ ಬಿಡಿಬಿಡಿಯಾಗಿ ಬರೆದಿಟ್ಟಿದೆ: ದೀಪಕ್ಕೆ 12 ನಿವರ್ತನ ಭೂಮಿ, ಮದುವೆಯಾದ ಮನೆಯಿಂದ 5 ನಾಣ್ಯ, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂಕಾಲು. ಕೊಡುವವನ ಮನೆಯಲ್ಲಿ ಶುಭಕಾರ್ಯ ನಡೆದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ದಿನವನ್ನೇ ನೋಡಿ ಕೇಳುವ ಜಾಣತನ ಇದು. ಮದುವೆಗಿಷ್ಟು, ಮುಂಜಿಗಿಷ್ಟು ಎಂದು ಗೊತ್ತಾದ ಮೇಲೆ ಹೆಚ್ಚು ಕೊಡೆಂದು ಪೀಡಿಸುವಂತಿಲ್ಲ, ಕಡಿಮೆ ಕೊಟ್ಟು ನುಣುಚಿಕೊಳ್ಳುವಂತೆಯೂ ಇಲ್ಲ.

ಇಷ್ಟೆಲ್ಲ ಹೊಗಳುವವರು ಆ ಹುಡುಗರ ಬಾಯಲ್ಲಿ ಕೇಳಿ ನೋಡಬೇಕು ಎಂಬ ಆಕ್ಷೇಪ ಸರಿಯಾದದ್ದೇ. ಎಸ್.ಎಲ್. ಭೈರಪ್ಪನವರ ಆತ್ಮಕಥೆ ‘ಭಿತ್ತಿ’ ಓದಿದವರಿಗೆ ವಿದ್ಯಾರ್ಥಿ ದಿನಗಳ ಹಸಿವು, ಪರರ ಮನೆಯ ಅನ್ನದ ಮುಜುಗರ ಎಂಥದೆಂದು ಗೊತ್ತು. ಪಂಕ್ತಿಯ ತುದಿಯಲ್ಲಿ ಕೂರಿಸುವುದು, ತುಪ್ಪ ಬಡಿಸುವಾಗ ಅವನ ಎಲೆ ದಾಟಿ ಹೋಗುವುದು, ತಡವಾಗಿ ಬಂದದ್ದಕ್ಕೆ ಗೊಣಗುವುದು ಇದ್ದೇ ಇದ್ದವು. ನಮ್ಮಲ್ಲಷ್ಟೇ ಅಲ್ಲ, ಪೂರ್ವ ಯೂರೋಪಿನ ಯಹೂದಿ ಊರುಗಳಲ್ಲೂ ಧರ್ಮಗ್ರಂಥ ಕಲಿಯುವ ಹುಡುಗರು ದಿನಕ್ಕೊಂದು ಮನೆಯಲ್ಲಿ ಉಣ್ಣುತ್ತಿದ್ದರು. ಇಂದಿನ ಬೆಲಾರೂಸ್‌ನಲ್ಲಿರುವ ವೊಲೊಜಿನ್‌ನಲ್ಲಿ 1803ರಲ್ಲಿ ಶುರುವಾದ ವಿದ್ಯಾಪೀಠ ಆ ಪದ್ಧತಿ ಬಿಟ್ಟು, ದೂರದೂರದಿಂದ ಚಂದಾ ಎತ್ತಿ ವಿದ್ಯಾರ್ಥಿಗಳ ಖರ್ಚು ನೋಡಿಕೊಂಡಿತು. ಪರರ ಮನೆಯ ಊಟದಲ್ಲಿ ಅವಮಾನ ಇದ್ದದ್ದು ನಿಜ. ಆದರೆ ಅದು ಹುಟ್ಟುತ್ತಿದ್ದುದು ‘ಬುಧವಾರ ಮಾತ್ರ’ ಎಂಬ ಮಿತಿಯಿಂದಲ್ಲ, ಕೊಟ್ಟವನ ಮುಖ ನೋಡುತ್ತ ಉಣ್ಣಬೇಕಾದ್ದರಿಂದ. ಬುಧವಾರ ಬಾ ಎಂದವರು ಬುಧವಾರ ಎಲೆ ಹಾಕಿದರೆ ಹುಡುಗನಿಗೆ ಬೇಡುವ ಕೆಲಸವಿಲ್ಲ. ಬಂದಾಗ ನೋಡೋಣ ಎಂದವರ ಮನೆಯಲ್ಲಿ ಅವನು ಪ್ರತಿ ಸಲವೂ ಹೊಸದಾಗಿ ಕೈಯೊಡ್ಡಬೇಕು. ಕೇಳಿದಷ್ಟೂ ಕೊಡುತ್ತೇನೆಂದು ಶುರುಮಾಡಿ ಎರಡು ತಿಂಗಳಿಗೆ ಬೇಸತ್ತು ಮುಖ ತಿರುಗಿಸುವ ಔದಾರ್ಯ ಮಾಡುವ ಗಾಯ ಇನ್ನೂ ಆಳ.

ವಾರಾನ್ನದ ನಿಜವಾದ ದೋಷ ಬೇರೆ. ಎಷ್ಟು ಕೊಡಬೇಕೆಂಬ ಎಲ್ಲೆಯ ಪಕ್ಕದಲ್ಲೇ ಯಾರಿಗೆ ಕೊಡಬೇಕೆಂಬ ಎಲ್ಲೆಯೂ ಇತ್ತು, ಅದು ಜಾತಿಯ ಎಲ್ಲೆ. ಅಡುಗೆಮನೆಯ ಮಡಿ ಒಪ್ಪುವ ಹುಡುಗನಿಗೆ ಮಾತ್ರ ಎಲೆ. ಹೆಣ್ಣುಮಕ್ಕಳ ಪ್ರಶ್ನೆಯೇ ಬರಲಿಲ್ಲ. ಹೀಗಾಗಿ ಪಟ್ಟಣದಲ್ಲಿ ತಮ್ಮವರ ಬೀದಿಗಳಿದ್ದ ಬ್ರಾಹ್ಮಣ ಹುಡುಗರಿಗೆ ಸಿಕ್ಕ ಆಸರೆ ಒಕ್ಕಲು ಮಕ್ಕಳಿಗೆ, ಅದರಲ್ಲೂ ದಲಿತ ಮಕ್ಕಳಿಗೆ ಸಿಗಲಿಲ್ಲ. ಈ ಕೊರತೆಗೆ ಉತ್ತರವಾಗಿ ಬಂದವು ಬೋರ್ಡಿಂಗುಗಳು. ಮಂಗಳೂರಿನಲ್ಲಿ ಕುದ್ಮಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿ ದಲಿತರ ಶಿಕ್ಷಣಕ್ಕೆ ನಿಂತರು. ಮೈಸೂರು ಸಂಸ್ಥಾನದಲ್ಲಿ 1905ರ ಲಿಂಗಾಯತ ಎಜುಕೇಷನ್ ಫಂಡ್ ಅಸೋಸಿಯೇಷನ್, 1906ರ ಒಕ್ಕಲಿಗರ ಸಂಘ ತಂತಮ್ಮ ಜನರ ಓದಿಗೆ ಬೆಂಬಲವಾದವು. ಮಠಗಳು ಉಚಿತ ಪ್ರಸಾದ ನಿಲಯಗಳನ್ನು ತೆರೆದವು. ಅನ್ನ ಕೊಡುವವರು ಯಾರೋ, ಉಣ್ಣುವವರು ಯಾರೋ. ನಡುವೆ ಒಂದು ಸಂಸ್ಥೆ ಬಂದು ನಿಂತದ್ದರಿಂದ ಮುಖ ನೋಡುವ ಮುಜುಗರ ತಪ್ಪಿತು. ಹಲವು ಹಾಸ್ಟೆಲುಗಳ ಬಾಗಿಲಲ್ಲೂ ಜಾತಿಯ ಬೋರ್ಡು ತೂಗುತ್ತಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಮಠಗಳ ದಾಸೋಹಕ್ಕೆ ಮಿತಿಯೆಲ್ಲಿತ್ತು ಎಂದು ಯಾರಾದರೂ ಕೇಳಬಹುದು. ಬಳ್ಳಿಗಾವೆಯ ಕೋಡಿಯ ಮಠದ ವಿಷಯ ಹೇಳುವ 1162ರ ಶಾಸನದಲ್ಲಿ ದೀನರು, ಅನಾಥರು, ಕುಂಟರು, ಕುರುಡರು, ಹಾಡುವವರು, ಕುಣಿಯುವವರು ಎಲ್ಲರಿಗೂ ಅನ್ನವುಂಟು, ರೋಗಿಗಳಿಗೆ ಔಷಧವುಂಟು. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮೀಜಿಯವರ ಕಾಲಕ್ಕೆ ಜಾತಿಮತ ಕೇಳದೆ ಸಾವಿರಾರು ಮಕ್ಕಳಿಗೆ ಊಟ, ವಸತಿ, ಓದು ದೊರೆಯಿತು. ಇವು ಮಿತಿಯಿಲ್ಲದ ದಾನದಂತೆ ಕಂಡರೂ ಹಾಗಲ್ಲ. ಬಾಗಿಲು ಎಲ್ಲರಿಗೂ ತೆರೆದಿತ್ತು, ಆದರೆ ಒಳಗೆ ಸಿಗುವುದು ಇಷ್ಟೇ ಎಂದು ಗೊತ್ತಿತ್ತು: ಎಲ್ಲರಿಗೂ ಒಂದೇ ಮುದ್ದೆ, ಒಂದೇ ಸಾರು, ಒಂದೇ ಗಂಟೆ. ಇಂಥ ಸಂಸ್ಥೆಗಳಿಗೆ ಬರುವ ದಾನಕ್ಕೂ ಅಳತೆಯಿತ್ತು. ಉತ್ತರ ಕರ್ನಾಟಕದ ಬೋರ್ಡಿಂಗುಗಳಿಗೆ ನೆರವಾದ ಮುಷ್ಟಿ ಫಂಡಿನಲ್ಲಿ ಮನೆಯವರು ದಿನಕ್ಕೊಂದು ಹಿಡಿ ಧಾನ್ಯ ತೆಗೆದಿಟ್ಟರೆ ಆಯಿತು, ಎರಡನೇ ಹಿಡಿ ಯಾರೂ ಕೇಳುತ್ತಿರಲಿಲ್ಲ. ಪಡೆಯುವವರ ಕಡೆಯಿಂದಲೂ ಎಲ್ಲೆ ಹಾಕಬಹುದು ಎಂದು ತೋರಿಸಿದವಳು ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ತಂದಲ್ಲೇ ಸುರಿದು ಬಾ ಎಂದು ಅವಳು ತಿರುಗಿ ಕಳಿಸಿದ ಕಥೆ ನಮ್ಮ ಬಡತನದ ಚರಿತ್ರೆಯಲ್ಲಿ ಬಹಳ ತೂಕದ್ದು.

ಕೊನೆಯ ಆಕ್ಷೇಪ ಕಾಲದ್ದು. ಎರಡನೇ ಮಹಾಯುದ್ಧದ ಹೊತ್ತಿಗೆ ರೇಷನ್ ಬಂದು ಮನೆಯ ತಲೆ ಎಣಿಸಿ ಅಕ್ಕಿ ಅಳೆಯತೊಡಗಿದ ಮೇಲೆ ಹೊರಗಿನವನಿಗೊಂದು ಎಲೆ ಹಾಕುವುದು ಕಷ್ಟವಾಯಿತು. ಮುಂದೆ ಹಳ್ಳಿಗಳ ಹತ್ತಿರಕ್ಕೇ ಹೈಸ್ಕೂಲುಗಳು ಬಂದವು, ದೇವರಾಜ ಅರಸರ ಕಾಲದಲ್ಲಿ ಹಿಂದುಳಿದ ವರ್ಗಗಳ ಹಾಸ್ಟೆಲುಗಳು ಬೆಳೆದವು. 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಬಿಸಿಯೂಟ ಕೊಡಿ ಎಂದು ಆದೇಶಿಸಿತು, 2002ರಲ್ಲಿ ರಾಜ್ಯದಲ್ಲಿ ಅಕ್ಷರ ದಾಸೋಹ ಶುರುವಾಯಿತು. ಹಕ್ಕಾಗಿ ಸಿಗುವಾಗ ದಾನದ ಮಾತೇಕೆ ಎಂದರೆ ಒಪ್ಪಲೇಬೇಕು: ಮಗುವಿನ ಊಟ ಯಾರದೋ ಔದಾರ್ಯಕ್ಕೆ ಕಾಯಬಾರದು. ಆದರೆ ಹಕ್ಕಿನ ಪಟ್ಟಿಗೆ ಸೇರದ ಖರ್ಚುಗಳು ಬಡವರ ಮನೆಯಲ್ಲಿ ಇನ್ನೂ ಬಹಳ. ಕಾಲೇಜಿನ ಫೀಸು, ಆಸ್ಪತ್ರೆಯ ಬಿಲ್ಲು, ದುಡಿಯುವವನು ಮಲಗಿದ ತಿಂಗಳ ಬಾಡಿಗೆ. ಇವಕ್ಕೆ ಜನ ಈಗಲೂ ಹೋಗುವುದು ಪರಿಚಯದವರ ಬಾಗಿಲಿಗೆ, ಕೆಲಸ ಮಾಡುವ ಮನೆಯ ಒಡತಿಯ ಬಾಗಿಲಿಗೆ.

ಆ ಬಾಗಿಲಲ್ಲಿ ನಿಂತವರೊಡನೆ ಹೇಗೆ ನಡೆದುಕೊಳ್ಳಬೇಕೆಂಬುದಕ್ಕೆ ವಾರಾನ್ನದ ಅನುಭವ ಸಾಕು. ಮಗಳ ಪಿಯುಸಿ ಮುಗಿಯುವ ತನಕ ಫೀಸು ನಾನು ಕಟ್ಟುತ್ತೇನೆ, ಮನೆಯ ಉಳಿದ ಸಾಲ ನನ್ನಿಂದಾಗದು ಎಂದು ಮೊದಲೇ ಹೇಳಿಬಿಡುವುದು ಕಠಿಣವೆನಿಸಿದರೂ ಇಬ್ಬರಿಗೂ ಒಳಿತು. ಕೊಡುವವರು ಕೊಟ್ಟ ಮಾತಿಗೆ ನಿಲ್ಲಬಲ್ಲರು, ಪಡೆಯುವವರು ಉಳಿದದ್ದಕ್ಕೆ ಬೇರೆ ದಾರಿ ನೋಡಿಕೊಳ್ಳಬಲ್ಲರು. ಮಿತಿ ನಾವು ಕೊಡುವುದಕ್ಕೆ ಇರಲಿ, ಅವರ ಬದುಕಿಗೆ ಬೇಡ. ಫೀಸು ಕಟ್ಟಿದ ಮಾತ್ರಕ್ಕೆ ಆ ಮನೆಯವರು ಯಾವ ಹಬ್ಬಕ್ಕೆ ಎಷ್ಟು ಖರ್ಚು ಮಾಡಿದರು, ಯಾವ ಮೊಬೈಲು ಕೊಂಡರು ಎಂದು ಲೆಕ್ಕ ಕೇಳುವ ಅಧಿಕಾರ ಬರುವುದಿಲ್ಲ. ನೆರವಿಗೆ ಯೋಗ್ಯರು ಯಾರೆಂದು ಜಾತಿ ನೋಡಿ ತೀರ್ಮಾನಿಸಿದ್ದು ವಾರಾನ್ನ ಮಾಡಿದ ತಪ್ಪು. ನಡತೆ ನೋಡಿ, ಕೃತಜ್ಞತೆ ನೋಡಿ ತೀರ್ಮಾನಿಸಿದರೆ ನಾವೂ ಅದೇ ತಪ್ಪನ್ನು ಹೊಸ ಹೆಸರಿನಲ್ಲಿ ಮಾಡಿದಂತೆ.