ಗೇರ್‌ಬಾಕ್ಸಿನೊಳಗಿನ ತಿಮಿಂಗಿಲ

ಕಳೆದ ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ನಾನು ನಮ್ಮ ಹದಿನಾಲ್ಕು ವರ್ಷದ ಹಳೇ ಕಾರಿನ ಕೆಳಗೆ ಅಂಗಾತ ಮಲಗಿದ್ದೆ. ಬಾಸ್ಟನ್ ಹತ್ತಿರದ ಈ ಊರಿಗೆ ಬಂದ ಮೇಲೆ ಕಲಿತ ವಿದ್ಯೆಗಳಲ್ಲಿ ಇದೂ ಒಂದು. ಇಲ್ಲಿ ಗ್ಯಾರೇಜಿನ ಕೂಲಿ ದುಬಾರಿ. ಹಾಗಾಗಿ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಬದಲಿಸುವಂಥ ಕೆಲಸವನ್ನು ಎಷ್ಟೋ ಜನ ಮನೆಯ ಮುಂದೆಯೇ ಮಾಡಿಕೊಳ್ಳುತ್ತಾರೆ. ಸ್ವಲ್ಪ ದೂರ ಕಾರು ಓಡಿಸಿ ಆಯಿಲ್ ಬೆಚ್ಚಗಾಗಿಸಬೇಕು. ಸಮತಟ್ಟಾದ ಜಾಗದಲ್ಲಿ ಜಾಕ್ ಹಾಕಿ ಎತ್ತಿ, ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಬೇಕು. ಆಯಿಲ್ ತುಂಬುವ ಮೇಲಿನ ಬೋಲ್ಟ್ ಬಿಚ್ಚಲು ಬರುತ್ತದೆಯೇ ಎಂದು ಮೊದಲು ನೋಡಿಕೊಂಡು, ಆಮೇಲೆ ಕೆಳಗಿನ ಡ್ರೈನ್ ಬೋಲ್ಟಿಗೆ ಕೈ ಹಾಕಬೇಕು. ಈ ಕ್ರಮ ತಪ್ಪಿದರೆ ಹಳೆಯದೆಲ್ಲ ಇಳಿದುಹೋಗಿ, ಹೊಸದನ್ನು ತುಂಬಲು ದಾರಿಯಿಲ್ಲದೆ ತಲೆಯ ಮೇಲೆ ಕೈಹೊತ್ತು ಕೂರಬೇಕಾಗುತ್ತದೆ. ಮೊದಲ ಸಲ ನಾನು ಹಾಗೆ ಕೂತಿದ್ದೆ.

ಈ ಸಲ ಎಲ್ಲ ಸರಿಯಾಗಿತ್ತು. ಬೋಲ್ಟ್ ಸಡಿಲಾದದ್ದೇ ಕಂದು ಬಣ್ಣದ ದ್ರವ ಬೋಗುಣಿಗೆ ಇಳಿಯತೊಡಗಿತು. ಹೊಸದಿದ್ದಾಗ ಅದು ದಾಳಿಂಬೆ ರಸದ ಹಾಗೆ ಕೆಂಪಗಿರುತ್ತದೆ. ಎಂಜಿನ್ ಆಯಿಲ್ ಯಾವುದು, ಇದು ಯಾವುದು, ಎಲ್ಲಿ ಸೋರುತ್ತಿದೆ ಎಂದು ಕಂಡುಹಿಡಿಯಲು ಸುಲಭವಾಗಲಿ ಅಂತ ಬಣ್ಣ ಬೆರೆಸಿರುತ್ತಾರೆ, ಅಷ್ಟೆ. ಪಕ್ಕದ ಮನೆಯ ಅಜ್ಜ ಕಾಫಿ ಲೋಟ ಹಿಡಿದು ಬಂದು ನಿಂತರು. ನಲವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು. ಬೋಗುಣಿಯನ್ನು ನೋಡುತ್ತ, "ಒಂದು ಕಾಲದಲ್ಲಿ ಇದರೊಳಗೆ ತಿಮಿಂಗಿಲ ಇರುತ್ತಿತ್ತು, ಗೊತ್ತಾ?" ಎಂದರು.

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ತಿಮಿಂಗಿಲದ ಎಣ್ಣೆ ಎಂದರೆ ನನಗೆ ಹಾಯಿ ಹಡಗು, ಈಟಿ, ಹರ್ಮನ್ ಮೆಲ್ವಿಲ್ಲನ 'ಮೋಬಿ ಡಿಕ್'. ಅದು ಪ್ರಕಟವಾದದ್ದು 1851ರಲ್ಲಿ. ಆ ಲೋಕಕ್ಕೂ ಕಾರಿನ ಗೇರ್‌ಬಾಕ್ಸಿಗೂ ಎತ್ತಣ ಸಂಬಂಧ? ಆದರೆ ಅಜ್ಜ ನಗುತ್ತಿರಲಿಲ್ಲ.

ಮುಂದಿನ ವಾರ ನ್ಯೂ ಬೆಡ್‌ಫರ್ಡಿಗೆ ಹೋದೆ. ನಮ್ಮಲ್ಲಿಂದ ಸುಮಾರು ಒಂದು ಗಂಟೆಯ ದಾರಿ. ಹತ್ತೊಂಬತ್ತನೇ ಶತಮಾನದ ನಡುವೆ ಇದು ತಿಮಿಂಗಿಲ ಬೇಟೆಯ ರಾಜಧಾನಿ. 1841ರ ಜನವರಿಯಲ್ಲಿ ಮೆಲ್ವಿಲ್ ಬೇಟೆಯ ಹಡಗು ಹತ್ತಿದ್ದು ಇದೇ ಬಂದರಿನಿಂದ. ಅಲ್ಲಿನ ಮ್ಯೂಸಿಯಮ್ಮಿನಲ್ಲಿ 'ಲಗೋಡಾ' ಎಂಬ ಬೇಟೆ ಹಡಗಿನ ಅರ್ಧ ಅಳತೆಯ ಪ್ರತಿಕೃತಿಯನ್ನು ಛಾವಣಿಯ ಕೆಳಗೇ ಕಟ್ಟಿ ನಿಲ್ಲಿಸಿದ್ದಾರೆ.

ಇವರು ಬೆನ್ನಟ್ಟಿದ ಬಹುಮುಖ್ಯ ಪ್ರಾಣಿ ಸ್ಪರ್ಮ್ ತಿಮಿಂಗಿಲ. ಅದರ ಭಾರೀ ತಲೆಯೊಳಗೆ ಮೇಣದಂಥ ಎಣ್ಣೆ ತುಂಬಿರುತ್ತದೆ. ದೊಡ್ಡ ಗಂಡಾದರೆ ಸಾವಿರ ಲೀಟರಿಗೂ ಮೀರಿ ಸಿಗುತ್ತಿತ್ತು. ಅದನ್ನು ವೀರ್ಯವೆಂದು ತಪ್ಪಾಗಿ ತಿಳಿದವರಿಂದ ಬಂದದ್ದು ಈ ಹೆಸರು. ಅದರಿಂದ ಮಾಡಿದ ಮೇಣದ ಬತ್ತಿ ಹೊಗೆಯಾಡದೆ ಬೆಳ್ಳಗೆ ಉರಿಯುತ್ತಿತ್ತು. 1860ರಲ್ಲಿ ಇಂಗ್ಲೆಂಡಿನ ಕಾನೂನು ಬೆಳಕಿನ ಅಳತೆಗೆ ಈ ಬತ್ತಿಯನ್ನೇ ಮಾನದಂಡ ಮಾಡಿತು.

ಅದರ ಹಿಂದಿನ ವರ್ಷ, 1859ರಲ್ಲಿ, ಪೆನ್ಸಿಲ್ವೇನಿಯಾದ ಟೈಟಸ್‌ವಿಲ್ ಎಂಬಲ್ಲಿ ಎಡ್ವಿನ್ ಡ್ರೇಕ್ ನೆಲ ಕೊರೆದು ಕಲ್ಲೆಣ್ಣೆ ತೆಗೆದಿದ್ದ. ಅಗ್ಗದ ಸೀಮೆಎಣ್ಣೆ ಬಂತು. 1861ರಲ್ಲಿ ನ್ಯೂಯಾರ್ಕಿನ 'ವ್ಯಾನಿಟಿ ಫೇರ್' ಪತ್ರಿಕೆ ಒಂದು ವ್ಯಂಗ್ಯಚಿತ್ರ ಪ್ರಕಟಿಸಿತು. ಕೋಟು, ಗೌನು ತೊಟ್ಟ ತಿಮಿಂಗಿಲಗಳು ಸೇರಿ, ಎಣ್ಣೆ ಬಾವಿ ಸಿಕ್ಕಿದ ಖುಷಿಗೆ ನೃತ್ಯಕೂಟ ನಡೆಸುತ್ತಿವೆ! ಕಲ್ಲೆಣ್ಣೆ ತಿಮಿಂಗಿಲಗಳನ್ನು ಉಳಿಸಿತು ಎಂಬ ಮಾತು ಅಂದಿನಿಂದ ಇಂದಿನವರೆಗೂ ಓಡಾಡುತ್ತಿದೆ. ನಾನೂ ನಂಬಿದ್ದೆ. ನ್ಯೂ ಬೆಡ್‌ಫರ್ಡಿನ ಬೇಟೆ 1920ರ ದಶಕದಲ್ಲಿ ಮುಗಿಯಿತು. ಕತೆ ಅಲ್ಲಿಗೆ ಮುಗಿದಿದ್ದರೆ ಆ ಮಾತು ನಿಜವಾಗಿರುತ್ತಿತ್ತು.

ಆದರೆ ಅಜ್ಜನ ಬೋಗುಣಿಯ ಕತೆ ಶುರುವಾಗುವುದೇ ಅದಾದ ಮೇಲೆ. 1939ರಲ್ಲಿ ಜನರಲ್ ಮೋಟಾರ್ಸ್ ಕಂಪನಿ ತನ್ನ 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರುಗಳಿಗೆ 'ಹೈಡ್ರಾ-ಮ್ಯಾಟಿಕ್' ಎಂಬ ಗೇರ್‌ಬಾಕ್ಸ್ ತಂದಿತು. ಅರ್ಲ್ ಥಾಂಪ್ಸನ್ ಎಂಬ ಎಂಜಿನಿಯರ್ ಮುಂದೆ ನಿಂತು ರೂಪಿಸಿದ್ದು. ಕ್ಲಚ್ ಪೆಡಲ್ ಇಲ್ಲ, ಗೇರ್ ತಾನಾಗಿಯೇ ಬದಲಾಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಇದನ್ನು ಟ್ಯಾಂಕುಗಳಿಗೂ ಜೋಡಿಸಿದರು. ಯುದ್ಧ ಮುಗಿದ ಮೇಲೆ ಅಮೆರಿಕದ ಮನೆಮನೆಗೂ ಆಟೋಮ್ಯಾಟಿಕ್ ಕಾರು ಬಂತು.

ಇದರ ಜೀವವೆಲ್ಲ ಆ ಕೆಂಪು ದ್ರವದಲ್ಲಿದೆ. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ಚಾಲೂ ಮಾಡಿದರೆ, ಗಾಳಿಗೆ ಇನ್ನೊಂದೂ ತಿರುಗತೊಡಗುತ್ತದೆ. ಎಂಜಿನ್ನಿನ ಶಕ್ತಿ ಗೇರ್‌ಬಾಕ್ಸಿಗೆ ದಾಟುವುದು ಹೀಗೆಯೇ, ಗಾಳಿಯ ಬದಲು ಆಯಿಲ್ ಇರುತ್ತದೆ. ಗೇರ್ ಬದಲಿಸುವ ಒತ್ತಡ ಕೊಡುವುದೂ, ಬಿಸಿ ತೆಗೆಯುವುದೂ, ಸವೆತ ತಡೆಯುವುದೂ ಅದೇ. ಇದಕ್ಕಿಂತ ಕಷ್ಟದ ಕೆಲಸವೊಂದಿದೆ. ಒಳಗಿನ ಕ್ಲಚ್ ತಟ್ಟೆಗಳು ಆಯಿಲ್‌ನಲ್ಲಿ ನೆನೆದೇ ಇರುತ್ತವೆ. ಗೇರ್ ಬದಲಾಗುವಾಗ ಅವು ಒಂದನ್ನೊಂದು ಹಿಡಿಯಬೇಕು. ಥಟ್ಟನೆ ಹಿಡಿದರೆ ಕಾರು ಜಗ್ಗುತ್ತದೆ, ಜಾರುತ್ತಲೇ ಇದ್ದರೆ ತಟ್ಟೆ ಸುಡುತ್ತದೆ. ಜಾರುತ್ತ ಜಾರುತ್ತ ಹಿಡಿಯಬೇಕು. ಜಾರಿಸುವುದೂ ಹಿಡಿಸುವುದೂ ಒಂದೇ ಎಣ್ಣೆಯ ಕೆಲಸ.

ಬರೀ ಕಲ್ಲೆಣ್ಣೆಗೆ ಇದು ಸಾಧ್ಯವಾಗಲಿಲ್ಲ. ಸ್ಪರ್ಮ್ ತಿಮಿಂಗಿಲದ ಎಣ್ಣೆಗೆ ಸಾಧ್ಯವಾಯಿತು. ಅದು ನಮ್ಮ ಕೊಬ್ಬರಿ ಎಣ್ಣೆ, ಕಡಲೆ ಎಣ್ಣೆಯಂಥ ಕೊಬ್ಬಲ್ಲ, ರಾಸಾಯನಿಕವಾಗಿ ಹೆಚ್ಚಿನ ಪಾಲು ದ್ರವರೂಪದ ಮೇಣ. ಲೋಹಕ್ಕೆ ತೆಳುವಾದ ಪೊರೆಯಾಗಿ ಅಂಟಿಕೊಳ್ಳುತ್ತದೆ, ಬಿಸಿ ತಡೆಯುತ್ತದೆ. ಹೀಗೆ ಅಮೆರಿಕದ ಗೇರ್‌ಬಾಕ್ಸ್ ದ್ರವಗಳಿಗೆ, 1967ರಲ್ಲಿ ಜನರಲ್ ಮೋಟಾರ್ಸ್ ತಂದ ಡೆಕ್ಸ್ರಾನ್‌ಗೂ ಸೇರಿ, ತಿಮಿಂಗಿಲದ ಎಣ್ಣೆ ಬೆರೆಯಿತು. ಪ್ರಮಾಣ ಕಡಿಮೆ. ಆದರೆ ಕಾರುಗಳು ಲಕ್ಷಗಟ್ಟಲೆ.

ಕಾರೊಂದೇ ಕಾರಣವಲ್ಲ. ಚರ್ಮ ಹದ ಮಾಡುವವರಿಗೂ ಕಾರ್ಖಾನೆಗಳಿಗೂ ಈ ಎಣ್ಣೆ ಬೇಕಿತ್ತು. ಈಗ ಬೇಟೆಗೆ ಹಾಯಿ ಹಡಗಿರಲಿಲ್ಲ. ಡೀಸೆಲ್ ಎಂಜಿನ್, ಸಿಡಿಮದ್ದಿನ ಈಟಿ, ಸಮುದ್ರದ ಮಧ್ಯದಲ್ಲೇ ಎಣ್ಣೆ ಕಾಯಿಸುವ ಕಾರ್ಖಾನೆ ಹಡಗು ಬಂದಿದ್ದವು. ಹದಿನೆಂಟು, ಹತ್ತೊಂಬತ್ತನೇ ಶತಮಾನಗಳೆರಡರಲ್ಲಿ ಸೇರಿ ಕೊಂದ ಸ್ಪರ್ಮ್ ತಿಮಿಂಗಿಲಗಳ ಅಂದಾಜು 3 ಲಕ್ಷ. ಇಪ್ಪತ್ತನೇ ಶತಮಾನದ್ದು 7 ಲಕ್ಷಕ್ಕೂ ಹೆಚ್ಚು. 1960ರ ದಶಕದಲ್ಲಿ ವರ್ಷಕ್ಕೆ 20 ಸಾವಿರ ದಾಟುತ್ತಿತ್ತು. ಕಲ್ಲೆಣ್ಣೆ ತಿಮಿಂಗಿಲವನ್ನು ಉಳಿಸಿರಲಿಲ್ಲ. ಕೊಲ್ಲುವ ಹಡಗನ್ನು ಓಡಿಸಿದ್ದೂ, ಸತ್ತದ್ದರ ಎಣ್ಣೆ ಬೇಡುವ ಕಾರನ್ನು ಓಡಿಸಿದ್ದೂ ಅದೇ. ವ್ಯಂಗ್ಯಚಿತ್ರದ ನೃತ್ಯಕೂಟಕ್ಕೆ ಸೇರಿದವುಗಳಿಗೆ ಈ ಸುದ್ದಿ ಯಾರೂ ಹೇಳಿರಲಿಲ್ಲ.

ನಿಂತದ್ದು ಕಾನೂನಿನಿಂದ. 1970ರಲ್ಲಿ ಅಮೆರಿಕ ಸರ್ಕಾರ ಸ್ಪರ್ಮ್ ತಿಮಿಂಗಿಲವನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿ ಅದರ ಎಣ್ಣೆಯ ಆಮದಿಗೆ ತಡೆ ಹಾಕಿತು. 1972ರಲ್ಲಿ ಕಡಲ ಸಸ್ತನಿಗಳ ರಕ್ಷಣೆಗೆ, 1973ರಲ್ಲಿ ಅಳಿವಿನಂಚಿನ ಜೀವಿಗಳಿಗೆಲ್ಲ ಇನ್ನೂ ಬಿಗಿಯಾದ ಕಾಯಿದೆಗಳು ಬಂದವು. ಬದಲಿ ಸಿದ್ಧವಾದ ಮೇಲೆ ನಿಷೇಧ ಬಂದದ್ದಲ್ಲ, ನಿಷೇಧ ಬಂದದ್ದರಿಂದ ಬದಲಿ ಹುಡುಕಿದರು. ತಿಮಿಂಗಿಲವಿಲ್ಲದ ಡೆಕ್ಸ್ರಾನ್-2 ಬಂತು. ಮೊದಮೊದಲು ಅದು ಆಯಿಲ್ ತಂಪುಮಾಡುವ ಕೂಲರಿನ ಬೆಸುಗೆಯನ್ನೇ ತಿನ್ನುತ್ತಿತ್ತು. ಅದನ್ನು ಮತ್ತೆ ತಿದ್ದಬೇಕಾಯಿತು.

ಅದೇ ಹೊತ್ತಿಗೆ ಕೆಲವರ ಕಣ್ಣು ಅರಿಜೋನಾ, ಮೆಕ್ಸಿಕೊಗಳ ಮರುಭೂಮಿಯ ಒಂದು ಪೊದೆಯ ಮೇಲೆ ಬಿತ್ತು. ಅದು ಜೊಜೊಬಾ. ಅಲ್ಲಿನ ಮೂಲನಿವಾಸಿಗಳಿಗೆ ಹಿಂದಿನಿಂದಲೂ ಗೊತ್ತಿದ್ದ ಅದರ ಬೀಜದ ಎಣ್ಣೆಯೂ ಸ್ಪರ್ಮ್ ಎಣ್ಣೆಯಂತೆಯೇ ದ್ರವರೂಪದ ಮೇಣ. ಕೊನೆಗೆ ಗೇರ್‌ಬಾಕ್ಸಿನಲ್ಲಿ ಆ ಜಾಗ ಹೆಚ್ಚಾಗಿ ಪ್ರಯೋಗಾಲಯದ ರಾಸಾಯನಿಕಗಳ ಪಾಲಾಯಿತು. ಜೊಜೊಬಾ ಶಾಂಪೂ, ಕ್ರೀಮುಗಳಿಗೆ ಹೋಯಿತು. ಬೆಂಗಳೂರಿನ ಅಂಗಡಿಗಳಲ್ಲಿ ಆ ಹೆಸರನ್ನು ಎಷ್ಟು ಸಲ ಓದಿದ್ದೆನೋ! ಅದರ ಹಿಂದೆ ತಿಮಿಂಗಿಲವಿದೆ ಎಂದು ಹೇಗೆ ತಾನೇ ಹೊಳೆದೀತು?

ಇದನ್ನೆಲ್ಲ ಅಜ್ಜನಿಗೆ ವರದಿ ಒಪ್ಪಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗ ನನಗೆ ಆ ಕಾನೂನಿನ ಮೇಲೆ ಕೆಟ್ಟ ಸಿಟ್ಟಿತ್ತು" ಎಂದರು. ಗೇರ್‌ಬಾಕ್ಸ್ ಕೆಟ್ಟು ಬಂದವರು ಬೈಯುತ್ತಿದ್ದದ್ದು ಮೆಕ್ಯಾನಿಕ್ಕನ್ನೇ ತಾನೇ? "ನಾನು ಇವತ್ತಿನವರೆಗೂ ತಿಮಿಂಗಿಲ ನೋಡಿಲ್ಲ" ಎಂದೂ ಸೇರಿಸಿದರು. ಬೇಟೆಯಾಡಿದವರು ಅದರ ಕಣ್ಣು ನೋಡಿದ್ದರು, ನೆತ್ತರು ನೋಡಿದ್ದರು. ಈ ಅಜ್ಜ ಎಷ್ಟೋ ವರ್ಷ ಅದನ್ನು ಆಲಿಕೆಯಲ್ಲಿ ಸುರಿದಿದ್ದರು, ಅಷ್ಟೆ. ತಪ್ಪು ಅವರದೆಂದು ನಾನು ಹೇಳಲಾರೆ.

ಶಿವಮೊಗ್ಗದ ನಮ್ಮ ಮನೆಯಲ್ಲಿ ಅಪ್ಪ ಸ್ಕೂಟರಿನ ಹಳೇ ಆಯಿಲನ್ನು ಬೇಲಿಯ ಗೂಟಗಳಿಗೆ ಬಳಿಯುತ್ತಿದ್ದರು, ಗೆದ್ದಲು ಹಿಡಿಯದಿರಲಿ ಎಂದು. ಉಳಿದದ್ದು ಮಳೆಗಾಲದಲ್ಲಿ ಚರಂಡಿಗೆ, ಅಲ್ಲಿಂದ ತುಂಗೆಗೆ. ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ನಾವ್ಯಾರೂ ಕೇಳಿರಲಿಲ್ಲ.

ಆ ಶನಿವಾರ ಇಳಿದದ್ದನ್ನು ಅಳೆದಾಗ ಮೂರು ಲೀಟರಿನಷ್ಟಿತ್ತು. ಅಷ್ಟೇ ಹೊಸದನ್ನು ತುಂಬಿ, ಎಂಜಿನ್ ಬಿಸಿಯಾದ ಮೇಲೆ ಮಟ್ಟ ನೋಡಿ ಬೋಲ್ಟ್ ಬಿಗಿದಿದ್ದೆ. ಒಂದು ಸಲಕ್ಕೆ ಎಲ್ಲ ಆಯಿಲ್ ಬದಲಾಗುವುದಿಲ್ಲ, ಅರ್ಧದಷ್ಟು ಹಳೆಯದು ಒಳಗೇ ಉಳಿದು ಹೊಸದರೊಂದಿಗೆ ಬೆರೆಯುತ್ತದೆ. ತೆಗೆದದ್ದನ್ನು ಕ್ಯಾನಿಗೆ ತುಂಬಿ, ಹಳೇ ಆಯಿಲ್ ವಾಪಸು ತೆಗೆದುಕೊಳ್ಳುವ ಬಿಡಿಭಾಗಗಳ ಅಂಗಡಿಗೆ ಒಯ್ದೆ. ಹೊಸ ಬಾಟಲಿ ಕೈಯಲ್ಲೇ ಇತ್ತು. ಅದರ ಮೇಲೆ ಯಾವ ಕಾರಿಗೆ ಸರಿ ಎಂಬ ಉದ್ದದ ಪಟ್ಟಿಯಿತ್ತು. ಒಳಗೆ ಏನೇನಿದೆ ಎಂಬ ಪಟ್ಟಿ ಇರಲಿಲ್ಲ. ಕೌಂಟರಿನ ಹುಡುಗನನ್ನು ಕೇಳಿದೆ. ಅವನೂ ಬಾಟಲಿಯನ್ನು ಎರಡು ಸಲ ತಿರುಗಿಸಿ ನೋಡಿದ.